ಮೂರು ಪಂಚಾಯ್ತಿ, ಒಂದು ಹಳ್ಳ: ಜನರನ್ನು ಕೂಡಿಸಿ ಯೋಜನೆ ಮಾಡಿದ ಅನುಭವ

ಪಕ್ಕಪಕ್ಕದ ಪಂಚಾಯ್ತಿಗಳು ಸೇರಿ ಒಂದೇ ಯೋಜನೆ ಮಾಡಬೇಕು ಅಂತ ವೇದಿಕೆ ಮೇಲೆ ಹೇಳುವುದು ಸುಲಭ. ಮಾಡೋಣ ಅಂತ ಕುಳಿತರೆ ಮೊದಲು ಬರುವ ಪ್ರಶ್ನೆ, ಸಭೆ ಯಾವ ಊರಲ್ಲಿ? ಎರಡನೆಯದು, ಚಹಾ ಮಂಡಕ್ಕಿ ಖರ್ಚು ಯಾವ ಪಂಚಾಯ್ತಿ ಲೆಕ್ಕಕ್ಕೆ?

ನಾನು 2020ರ ಡಿಸೆಂಬರ್ ಚುನಾವಣೆಯಲ್ಲಿ ಗೆದ್ದು ಗ್ರಾಮ ಪಂಚಾಯ್ತಿ ಸದಸ್ಯನಾದವನು. ನಮ್ಮದು ಕೊಪ್ಪಳ ಜಿಲ್ಲೆ. ಹಿರೇಹಳ್ಳಕ್ಕೆ ಹೋಗಿ ಸೇರುವ ಒಂದು ಸಣ್ಣ ಹಳ್ಳದ ದಂಡೆಗೆ ಮೂರು ಪಂಚಾಯ್ತಿ ಇವೆ, ನಮ್ಮದು ನಡುವಿನದು. ಮೇಲಿನ ಎರಡು ಒಂದು ತಾಲ್ಲೂಕಿಗೆ ಬರುತ್ತವೆ, ಕೆಳಗಿನದು ಇನ್ನೊಂದಕ್ಕೆ. ಅಂದರೆ ಒಂದೇ ಹಳ್ಳಕ್ಕೆ ಇಬ್ಬರು ತಹಶೀಲ್ದಾರರು, ಇಬ್ಬರು ಇಒ (ತಾಲ್ಲೂಕು ಪಂಚಾಯ್ತಿಯ ಕಾರ್ಯನಿರ್ವಾಹಕ ಅಧಿಕಾರಿ), ಮೂವರು ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ). ಊರುಗಳ ಹೆಸರು ಬೇಕಂತಲೇ ಬರೆಯುತ್ತಿಲ್ಲ. ಜಗಳ ಈಗಷ್ಟೇ ತಣ್ಣಗಾಗಿದೆ, ಸುಮ್ನೆ ಯಾಕೆ ಕೆದಕುವುದು.

ಮೊದಲೆಲ್ಲ ಒಬ್ಬೊಬ್ಬರೂ ಅವರವರ ಪಾಡಿಗೆ ಕೆಲಸ ಮಾಡುತ್ತಿದ್ದರು. ಮೇಲಿನವರು ಉದ್ಯೋಗ ಖಾತ್ರಿಯಲ್ಲಿ ಚೆಕ್ ಡ್ಯಾಮ್ ಕಟ್ಟಿದರು, ಕೆಳಗಿನವರು ನಮ್ಮ ನೀರು ನಿಲ್ಲಿಸಿದಿರಿ ಅಂತ ಕೂಗಾಡಿದರು. ನಾವು ನಮ್ಮ ಸೀಮೆಯಲ್ಲಿ ಬಳ್ಳಾರಿ ಜಾಲಿ ಕಡಿಸಿದೆವು. ಮೇಲಿನ ಊರಲ್ಲಿ ಜಾಲಿ ಹಾಗೇ ಇತ್ತಲ್ಲ, ಮುಂದಿನ ಮಳೆಗೆ ಬೀಜ ಹರಿದು ಬಂದು ನಮ್ಮಲ್ಲಿ ಮತ್ತೆ ಎದ್ದಿತು. ಕೆಳಗಿನ ಊರಿನ ಕೆರೆಗೆ ವರ್ಷಾ ವರ್ಷಾ ಹೂಳು. ಕಸದ ಕಥೆ ಇನ್ನೂ ಚೆಂದ. ಮೂರೂ ಊರಿನವರು ಕಸವನ್ನು ಊರ ಕೊನೆಗೆ ಒಯ್ದು ಸುರಿಯುತ್ತಿದ್ದರು, ಆ ಕೊನೆ ಅನ್ನುವುದು ಪಕ್ಕದ ಊರಿನವರು ಹೊಲಕ್ಕೆ ಹೋಗುವ ದಾರಿ. ಒಟ್ಟಿನಲ್ಲಿ ಖರ್ಚಾಗುತ್ತಿತ್ತು, ಬಿಲ್ಲಾಗುತ್ತಿತ್ತು, ಹಳ್ಳದ ಕೆಲಸ ಮಾತ್ರ ಹಳ್ಳ ಹಿಡಿಯುತ್ತಿತ್ತು.

ಕಾನೂನಿನಲ್ಲಿ ಅವಕಾಶ ಇಲ್ಲ ಅಂತಲ್ಲ. ಸಂವಿಧಾನದ 243ಝಡ್‌ಡಿ ವಿಧಿಯಲ್ಲಿ ಜಿಲ್ಲಾ ಯೋಜನಾ ಸಮಿತಿ ಅಂತ ಒಂದಿದೆ. ಪಂಚಾಯ್ತಿಗಳಿಗೂ ಪಟ್ಟಣಗಳಿಗೂ ಸಂಬಂಧಪಟ್ಟ ನೀರು ಹಂಚಿಕೆಯಂಥ ವಿಷಯ ನೋಡಿಕೊಂಡು ಯೋಜನೆ ಮಾಡುವುದು ಅದರ ಕೆಲಸ. ಆದರೆ ನಮ್ಮಂಥ ಸಣ್ಣ ಹಳ್ಳದ ವಿಷಯ ಅಲ್ಲಿವರೆಗೆ ಹೋಗಿ ಬರುವುದರೊಳಗೆ ಎರಡು ಮಳೆಗಾಲ ಮುಗಿದಿರುತ್ತದೆ. ಇತ್ತ ಪಂಚಾಯ್ತಿಯ ಅಭಿವೃದ್ಧಿ ಯೋಜನೆಯನ್ನು ಇ-ಗ್ರಾಮಸ್ವರಾಜ್ ಅನ್ನುವ ಸರ್ಕಾರಿ ಪೋರ್ಟಲ್‌ಗೆ ಒಬ್ಬೊಬ್ಬರೂ ತಮ್ಮ ತಮ್ಮದೇ ಹಾಕಬೇಕು. ನಮ್ಮ ದುಡ್ಡು ಪಕ್ಕದ ಸೀಮೆಯಲ್ಲಿ ಖರ್ಚಾದರೆ ಆಡಿಟ್‌ನವರು ಬಿಡುವುದಿಲ್ಲ. ಅದಕ್ಕೇ ನಾವು ಹಿಡಿದ ದಾರಿ ಇದು: ಯೋಜನೆ ಒಂದು, ಠರಾವು ಮೂರು. ಮೂರೂ ಗ್ರಾಮಸಭೆಯಲ್ಲಿ ಒಂದೇ ಒಕ್ಕಣೆಯ ಠರಾವು ಪಾಸ್ ಮಾಡಿಸುವುದು, ಒಬ್ಬೊಬ್ಬರೂ ತಮ್ಮ ಸೀಮೆಯ ಕೆಲಸವನ್ನು ತಮ್ಮ ಕ್ರಿಯಾಯೋಜನೆಯಲ್ಲಿ ಇಟ್ಟುಕೊಳ್ಳುವುದು. ಯಾವ ಕೆಲಸ ಮೊದಲು, ಯಾವುದು ಆಮೇಲೆ ಅನ್ನುವುದನ್ನು ಮಾತ್ರ ಮೂವರೂ ಕೂಡಿ ನಿರ್ಧರಿಸುವುದು. ಆ ನಿರ್ಧಾರಕ್ಕೆ ಜನ ಬೇಕು. ನಿಜವಾದ ಕೆಲಸ ಶುರುವಾಗಿದ್ದು ಅಲ್ಲಿಂದ.

ಮೊದಲು ಯಾವಾಗ ಕೇಳಬೇಕು ಅನ್ನುವುದು. ಯೋಜನೆಯ ಗ್ರಾಮಸಭೆಗಳು ಶುರುವಾಗುವುದು ಅಕ್ಟೋಬರ್ 2ರಿಂದ. ಆಗ ನಮ್ಮಲ್ಲಿ ಹಸ್ತಾ, ಚಿತ್ತಾ ಮಳೆ. ಹಿಂಗಾರಿ ಜೋಳ, ಕಡಲೆ ಬಿತ್ತುವ ಹೊತ್ತು. ಹಸಿ ಆರುವುದರೊಳಗೆ ಬಿತ್ತಬೇಕಾದವನು ಕೂರಿಗೆ ಬಿಟ್ಟು ಸಭೆಗೆ ಬರುತ್ತಾನಾ? ಬಿತ್ತನೆ ಮುಗಿಯಿತು ಅನ್ನುವಷ್ಟರಲ್ಲಿ ಅರ್ಧ ಓಣಿ ಗುಳೆ ಹೋಗಿರುತ್ತದೆ, ಬೆಂಗಳೂರು, ಮಂಗಳೂರು, ಗೋವಾ ಅಂತ. ಹಳ್ಳದ ದಂಡೆಗೆ ಒಂದೆರಡು ಎಕರೆ ಇಟ್ಟುಕೊಂಡು ಹೆಚ್ಚು ತೊಂದರೆ ಅನುಭವಿಸುವವರೇ ಗುಳೆ ಹೋಗುವವರು. ಅವರನ್ನು ಬಿಟ್ಟು ಸಭೆ ಮಾಡಿದರೆ ಊರಲ್ಲಿ ಉಳಿದ ದೊಡ್ಡ ಹಿಡುವಳಿದಾರರ ಮಾತೇ ಜನಾಭಿಪ್ರಾಯ ಆಗಿಬಿಡುತ್ತದೆ. ನಮ್ಮ ಕಡೆ ಗುಳೆ ಹೋದವರು ತಪ್ಪದೆ ಬರುವುದು ಎರಡು ಸಲ, ಯುಗಾದಿಗೆ ಮತ್ತು ಅಲಾಯಿ ಹಬ್ಬಕ್ಕೆ. ಮೊಹರಂಗೆ ದೇವರು ಕೂಡ್ರಿಸಿದ ದಿನಗಳಲ್ಲಿ ಊರು ತುಂಬಿರುತ್ತದೆ, ಜಾತಿ ಧರ್ಮ ಅಂತಿಲ್ಲ, ಎಲ್ಲರೂ ಇರುತ್ತಾರೆ. ನಾವು ಓಣಿ ಓಣಿಯ ಮಾತುಕತೆ ಮುಗಿಸಿದ್ದು ಈ ಎರಡು ಹಬ್ಬಗಳ ಆಸುಪಾಸಿನಲ್ಲೇ. ಅಕ್ಟೋಬರ್ ಸಭೆಗೆ ಬರುವಾಗ ಜನರ ಮಾತು ಆಗಲೇ ಬರಹದಲ್ಲಿತ್ತು.

ಎರಡನೆಯದು ಜಾಗ. ಗುಡಿ ಕಟ್ಟೆ ಮೇಲೆ ಸಭೆ ಇಟ್ಟರೆ ಕೇರಿಯವರು ದೂರ ನಿಲ್ಲುತ್ತಾರೆ, ಪಂಚಾಯ್ತಿ ಕಟ್ಟಡದಲ್ಲಿ ಇಟ್ಟರೆ ಸೋತ ಪಾರ್ಟಿಯವರು ಬರುವುದಿಲ್ಲ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಊರಲ್ಲಿ ಹುಟ್ಟಿದ ಎಲ್ಲರಿಗೂ ಗೊತ್ತು. ಅದಕ್ಕೆ ಮೊದಲು ಕೇರಿಯಲ್ಲೇ ಕುಳಿತೆವು, ತಾಂಡಾದಲ್ಲೇ ಕುಳಿತೆವು, ಸಂಜೀವಿನಿ ಸಂಘದ ಹೆಣ್ಣುಮಕ್ಕಳು ವಾರದ ಉಳಿತಾಯಕ್ಕೆ ಸೇರುವ ಕಡೆಗೇ ಹೋದೆವು. ವಾರ್ಡ್ ಸಭೆಯಲ್ಲಿ ಶೇ 30ರಷ್ಟು ಮಹಿಳೆಯರು ಇರಬೇಕು ಅಂತ ಕಾಯ್ದೆ ಹೇಳುತ್ತದೆ, ಸಹಿಯಲ್ಲಿ ಅಷ್ಟು ಇರುತ್ತಾರೆ ಕೂಡ. ಮಾತಾಡುವುದು ಮಾತ್ರ ಗಂಡಸರು. ಅವರದೇ ಸಂಘದಲ್ಲಿ ಕುಳಿತಾಗ ಕಥೆ ಬೇರೆ. ಒಬ್ಬ ಅಜ್ಜಿ ಅಂದದ್ದು: "ನೀರು ನಿಲ್ಲಸ್ರೀಪಾ, ಬ್ಯಾಡ ಅನ್ನಂಗಿಲ್ಲ. ಆದ್ರ ನಮ್ಮ ದಾರಿ ಮುಳಗಸಬ್ಯಾಡ್ರಿ." ಚೆಕ್ ಡ್ಯಾಮಿನ ಹಿಂದೆ ನೀರು ನಿಂತರೆ, ತಲೆ ಮೇಲೆ ಬುತ್ತಿ, ಮೇವಿನ ಹೊರೆ ಹೊತ್ತು ಹಳ್ಳ ದಾಟುವ ಜಾಗವೇ ಮುಳುಗುತ್ತಿತ್ತು. ಎಂಜಿನಿಯರ್ ಎಸ್ಟಿಮೇಟ್‌ನಲ್ಲಿ ದಾಟು ದಾರಿ ಅನ್ನುವುದೇ ಇರಲಿಲ್ಲ. ಮೂರೂ ಊರಿನ ಹೆಣ್ಣುಮಕ್ಕಳು ಬೇರೆ ಬೇರೆ ಕಡೆ ಕುಳಿತು ಇದನ್ನೇ ಹೇಳಿದ್ದರು.

ಎಲ್ಲರೂ ಒಟ್ಟು ಕೂಡುವುದಕ್ಕೆ ಕೊನೆಗೆ ಹೊಳೆದ ಜಾಗ ಹೈಸ್ಕೂಲು. ಮೂರೂ ಪಂಚಾಯ್ತಿಯ ಮಕ್ಕಳು ಅಲ್ಲಿಗೇ ಬರುತ್ತಾರೆ, ಹಾಗಾಗಿ ಅದು ಯಾರ ಊರೂ ಅಲ್ಲ. ಅಲ್ಲಿನ ಮಕ್ಕಳು ಗ್ರಾಮಸಭೆಗೆ ಅಂತ ಡ್ರಾಯಿಂಗ್ ಹಾಳೆ ಅಂಟಿಸಿ ಹಳ್ಳದ ಚಿತ್ರ ಬರೆದಿದ್ದರು. ಎಲ್ಲಿ ಈಜುತ್ತಾರೆ, ಎಲ್ಲಿ ಮರಳಿನ ಟ್ರ್ಯಾಕ್ಟರ್ ಇಳಿಯುತ್ತದೆ, ಎಲ್ಲಿ ಸತ್ತ ಕೋಳಿ ಬಿಸಾಡುತ್ತಾರೆ, ಎಲ್ಲವೂ ಅದರಲ್ಲಿತ್ತು. ಟ್ರ್ಯಾಕ್ಟರ್ ನೋಡಿ ಮುಂದಿನ ಸಾಲಿನ ಒಂದಿಬ್ಬರ ಮುಖ ಸಣ್ಣದಾಯಿತು. ಮಕ್ಕಳಿಗೆ ಯಾರು ಬುದ್ಧಿ ಹೇಳುವುದು!

ನಕಾಶೆ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಬೇರೆಯವರಿಗೂ ಉಪಯೋಗಕ್ಕೆ ಬರಬಹುದು. ಕಂದಾಯ ಗ್ರಾಮದ ನಕಾಶೆ ಊರಿಗೆ ಒಂದರಂತೆ ಇರುತ್ತದೆ. ಸೀಮೆ ಮುಗಿದ ಕಡೆ ಹಾಳೆಯೂ ಮುಗಿಯಿತು, ಅದರಾಚೆ ಬಿಳಿ. ಮೂರೂ ಹಾಳೆ ತಂದು ನೆಲದ ಮೇಲೆ ಜೋಡಿಸಿದರೆ ಒಂದರ ಹಳ್ಳ ಇನ್ನೊಂದರ ಹಳ್ಳಕ್ಕೆ ಕೂಡಲೇ ಇಲ್ಲ. ಝೆರಾಕ್ಸ್ ಅಂಗಡಿಯಲ್ಲಿ ಹಿಗ್ಗಿಸಿ ಕುಗ್ಗಿಸಿ ಒಂದು ಅಳತೆಗೆ ತಂದು, ಟೇಪ್ ಹಚ್ಚಿ, ಹಳ್ಳದ ಗೆರೆ ಮೇಲೆ ನೀಲಿ ಪೆನ್ನು ಎಳೆದೆವು. ಅದನ್ನು ಶಾಲೆ ಗೋಡೆಗೆ ತೂಗುಹಾಕಿದಾಗಲೇ ಎಷ್ಟೋ ಜನ ತಮ್ಮ ಹೊಲದ ನೀರು ಯಾವ ಊರಿಗೆ ಹೋಗುತ್ತದೆ ಅಂತ ಮೊದಲ ಸಲ ನೋಡಿದ್ದು. ಅದೇ ನಕಾಶೆ ಹಿಡಿದುಕೊಂಡು ಮೇಲಿನ ಊರಿಂದ ಕೆಳಗಿನ ಕೆರೆ ತನಕ ನಡೆದೆವು. ಮೂರೂ ಊರಿನ ಹಿರಿಯರು, ನೀರುಗಂಟಿ, ಕುರಿ ಕಾಯುವವರು ಜೊತೆಗಿದ್ದರು. ಫೋನಿನಲ್ಲಿ ದಿಶಾಂಕ್ ಆ್ಯಪ್ ತೆಗೆದರೆ ನಿಂತ ಜಾಗದ ಸರ್ವೆ ನಂಬರ್ ಬರುತ್ತದೆ, ನೆಟ್‌ವರ್ಕ್ ಇದ್ದರೆ. ಹಳ್ಳದ ಜಾಗ ಬ ಖರಾಬು, ಅಂದರೆ ಸಾರ್ವಜನಿಕರದು, ಯಾರೂ ಉಳುವಂತಿಲ್ಲ. ಅದು ಎಲ್ಲೆಲ್ಲಿ ಹೊಲದ ಒಳಗೆ ಸೇರಿಕೊಂಡಿದೆ ಅಂತ ನಡೆಯುತ್ತಾ ಹೋದಂತೆ ಎಲ್ಲರಿಗೂ ಕಾಣಿಸಿತು. ಯಾರೂ ಬೆರಳು ತೋರಿಸಲಿಲ್ಲ. ಆ ದಿನ ಅಷ್ಟೇ ಸಾಕಿತ್ತು.

ಇನ್ನು ಕೇಳುವ ರೀತಿ. "ನಿಮ್ಮೂರಿಗೆ ಏನು ಬೇಕು?" ಅಂದರೆ ಉತ್ತರ ಗೊತ್ತೇ ಇದೆ: ಸಿಸಿ ರಸ್ತೆ, ಸಮುದಾಯ ಭವನ, ಹೈಮಾಸ್ಟ್ ದೀಪ. ನಾವು ಆ ಪ್ರಶ್ನೆಯನ್ನೇ ಬಿಟ್ಟೆವು. 2009ರ ಮಳೆಗೆ ನೀರು ಎಲ್ಲಿವರೆಗೆ ಬಂದಿತ್ತು? ಬೇಸಿಗೆಗೆ ಯಾರ ಬೋರು ಮೊದಲು ಬತ್ತುತ್ತದೆ? ಕುರಿ ಎಲ್ಲಿ ನೀರು ಕುಡಿಯುತ್ತವೆ? ಹೀಗೆ ಕೇಳಿದರೆ ಮಾತೇ ಆಡದವರೂ ಎದ್ದು ಹೋಗಿ ಗೋಡೆ ತೋರಿಸುತ್ತಾರೆ. 2009ರ ಸೆಪ್ಟೆಂಬರ್ ಕೊನೆಗೆ ಉತ್ತರ ಕರ್ನಾಟಕವೇ ಮುಳುಗಿದ ಆ ಮಳೆ ನಮ್ಮ ಕಡೆ ಯಾರಿಗೂ ಮರೆತಿಲ್ಲ. ಮಣ್ಣಿನ ಮನೆಗಳು ಕುಸಿದದ್ದು, ದನ ಬಿಚ್ಚಿ ಬಿಟ್ಟದ್ದು ಎಲ್ಲ ನಿನ್ನೆಯ ಹಾಗೆ ಹೇಳುತ್ತಾರೆ. ಆ ಗುರುತುಗಳನ್ನು ನಕಾಶೆ ಮೇಲೆ ಕೆಂಪು ಚುಕ್ಕೆ ಇಟ್ಟೆವು. ಸಮುದಾಯ ಭವನ ಕೇಳುತ್ತಿದ್ದ ಜಾಗವೇ ಒಂದು ಕೆಂಪು ಚುಕ್ಕೆಯೊಳಗೆ ಬಿತ್ತು.

ಜಗಳ ಆಗಲಿಲ್ಲ ಅಂದರೆ ಸುಳ್ಳು. ಹೈಸ್ಕೂಲಿನ ಮೊದಲ ಸಭೆಯಲ್ಲೇ ಕೆಳಗಿನ ಊರಿನ ರೈತರೊಬ್ಬರು ಎದ್ದು, "ನೀವು ಮ್ಯಾಲ ಕಟ್ಟಕೋಂತ ಹೋದ್ರ ನಮಗೇನು ಉಳೀತದ, ಬರೇ ಮರಳಾ?" ಅಂದರು. ಮೇಲಿನವರು, "ನಮ್ಮ ಮಣ್ಣು ಕೊಚ್ಚಿ ನಿಮ್ಮ ಕೆರಿ ತುಂಬೇತಿ, ಅದನ್ನ ಕೊಡ್ರಿ ವಾಪಸ್" ಅಂದರು. ನಗು ಬಂತು, ಆದರೆ ನೋಡಿ, ದಾರಿ ಆ ಮಾತಲ್ಲೇ ಇತ್ತು. ಕೆರೆ ಹೂಳು ಮೇಲಿನ ಊರಿನ ಮಸಬು ಹೊಲಗಳಿಗೆ ಬಂಗಾರ. ಹೂಳು ಎತ್ತಿದರೆ ಸ್ವಂತ ಟ್ರ್ಯಾಕ್ಟರ್‌ನಲ್ಲಿ ಹೊತ್ತುಕೊಂಡು ಹೋಗುತ್ತೇವೆ ಅಂತ ಅವರು ಒಪ್ಪಿದರು. ಅದಕ್ಕೆ ಬದಲಾಗಿ ಮೇಲೆ ಇನ್ನು ಎತ್ತರದ ಕಾಂಕ್ರೀಟ್ ಚೆಕ್ ಡ್ಯಾಮ್ ಬೇಡ, ಗುಡ್ಡದ ಓರೆಯಲ್ಲಿ ಕಂದಕ, ಹೊಲದಲ್ಲಿ ಬದು ಮಾತ್ರ ಅಂತಾಯಿತು. ಕೂಲಿ ಲೆಕ್ಕವೂ ಇದಕ್ಕೇ ಕೂಡಿಬಂತು. ಉದ್ಯೋಗ ಖಾತ್ರಿಯಲ್ಲಿ ಕೂಲಿ 60, ಸಾಮಗ್ರಿ 40 ಅನ್ನುವ ಪ್ರಮಾಣ ಇತ್ತು. ಸಿಮೆಂಟ್ ಕೆಲಸ ಜಾಸ್ತಿಯಾದಷ್ಟೂ ಆ 40 ದಾಟುವ ಭಯ, ಕಂದಕ ಬದು ಅಂದರೆ ಬಹುಪಾಲು ಕೂಲಿಯೇ. ಗುಳೆ ಹೋಗುವವರ ಕೈಗೆ ನಾಲ್ಕು ದುಡ್ಡು ಊರಲ್ಲೇ ಸಿಗುತ್ತದೆ.

ಜಲಾನಯನದ ಪಾಠದಲ್ಲಿ ಕೆಲಸ ಮೇಲಿಂದ ಕೆಳಕ್ಕೆ ಬರಬೇಕು ಅಂತ ಇರುತ್ತದೆ, ಅದು ಸರಿಯೇ. ಆದರೆ ನಾವು ಕ್ರಿಯಾಯೋಜನೆಯಲ್ಲಿ ಕೆಳಗಿನ ಕೆರೆಯ ತೂಬು ರಿಪೇರಿಯನ್ನು ಮೊದಲಿಗೆ ಇಟ್ಟೆವು. ತಾಂತ್ರಿಕವಾಗಿ ಅದಕ್ಕೆ ಅವಸರ ಇರಲಿಲ್ಲ. ಕೆಳಗಿನವರಿಗೆ ನಂಬಿಕೆ ಬರದೆ ಇದ್ದಿದ್ದರೆ ಮೂರನೇ ಠರಾವು ಪಾಸೇ ಆಗುತ್ತಿರಲಿಲ್ಲ.

ನನ್ನ ಕೇಳಿದರೆ ಇಡೀ ಕೆಲಸದಲ್ಲಿ ಜಾಸ್ತಿ ಫಲ ಕೊಟ್ಟಿದ್ದು ಒಂದು ದೊಡ್ಡ ರಿಜಿಸ್ಟರು. ಪಟ್ಟಣದ ಮಾಸ್ಟರ್ ಪ್ಲಾನ್‌ಗೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಪ್ರಕಾರ ಜನರ ಆಕ್ಷೇಪಣೆಗೆ 60 ದಿನ ಸಮಯ ಇದೆ. ಹಳ್ಳಿಯಲ್ಲಿ ಸಭೆ ನಡಾವಳಿಯಲ್ಲಿ "ಚರ್ಚಿಸಿ ಅನುಮೋದಿಸಲಾಯಿತು" ಅಂತ ಒಂದು ಸಾಲು ಬರೆದರೆ ಮುಗಿಯಿತು. ಹೇಳಿದವನಿಗೆ ತನ್ನ ಮಾತು ಏನಾಯಿತು ಅಂತ ಗೊತ್ತೇ ಆಗುವುದಿಲ್ಲ, ಮುಂದಿನ ಸಲ ಅವನು ಯಾಕೆ ಬರಬೇಕು? ನಾವು ಬಂದ ಮಾತನ್ನೆಲ್ಲ ಬರೆದು ಪಕ್ಕದಲ್ಲಿ ಉತ್ತರ ಬರೆದೆವು. ಆಗುತ್ತದೆ ಅಂದರೆ ಯಾರು, ಯಾವ ವರ್ಷ. ಆಗುವುದಿಲ್ಲ ಅಂದರೆ ಯಾಕೆ. ಉದಾಹರಣೆಗೆ, 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60 ನೀರು ಮತ್ತು ನೈರ್ಮಲ್ಯಕ್ಕೇ ಮೀಸಲು, ಅದರಲ್ಲಿ ರಸ್ತೆ ಮಾಡಲು ಬರುವುದಿಲ್ಲ, ಅಂತ ನೇರವಾಗಿ. ಆ ಹಾಳೆಗಳ ಪ್ರತಿಯನ್ನು ರೇಷನ್ ಅಂಗಡಿ, ಹಾಲಿನ ಡೇರಿ ಗೋಡೆಗೆ ಅಂಟಿಸಿದೆವು. ಜನ ಕ್ಯೂ ನಿಲ್ಲುವ ಜಾಗ ಅಲ್ವಾ, ಓದುತ್ತಾರೆ, ಓದಲು ಬಾರದವರು ಓದಿಸಿ ಕೇಳುತ್ತಾರೆ. ಒಬ್ಬರು ತಮ್ಮ ಹೆಸರಿನ ಮುಂದೆ "ಆಗುವುದಿಲ್ಲ" ಅಂತ ನೋಡಿ ಸಿಟ್ಟಿನಲ್ಲಿ ಸಭೆಗೆ ಬಂದರು. ಬಂದವರು ಕುಳಿತು, ದಾಟು ದಾರಿಗೆ ಪೈಪ್ ಹಾಕಿದರೆ ಜಾಲಿ ಕೊಂಬೆ ಸಿಕ್ಕಿ ಕಟ್ಟಿಕೊಳ್ಳುತ್ತದೆ, ಕಲ್ಲು ಹಾಸಿ ನೀರು ಮೇಲೆ ಹರಿಯುವ ಹಾಗೆ ಮಾಡಿ ಅಂತ ಹೇಳಿಹೋದರು. ಎಂಜಿನಿಯರ್ ಕೂಡ ಒಪ್ಪಿ ಹಾಗೇ ಬರೆದುಕೊಂಡರು.

ಈಗ ಎಲ್ಲಿಗೆ ಬಂದಿದೆ? ತೂಬು ಆಗಿದೆ, ಹೂಳು ಒಂದಷ್ಟು ಎತ್ತಿದ್ದಾರೆ, ಕಂದಕ ಅರ್ಧ ಆಗಿದೆ, ಒಂದು ಕಡೆ ಕಲ್ಲಿನ ದಾಟು ದಾರಿ ಆಗಿದೆ. ಖರಾಬು ಒತ್ತುವರಿ ಅಳತೆಗೆ ಅರ್ಜಿ ಕೊಟ್ಟಿದ್ದೇವೆ, ಅದು ಎರಡೂ ತಾಲ್ಲೂಕಿನಲ್ಲಿ ಫೈಲಾಗಿ ಕುಳಿತಿದೆ. ಕಸದ ಶೆಡ್ಡಿಗೆ ನಮ್ಮ ಪಂಚಾಯ್ತಿ ಜಾಗ ಕೊಟ್ಟಿತು. ಸ್ವಚ್ಛ ವಾಹಿನಿ ಗಾಡಿಯನ್ನು ನಾವೂ ಮೇಲಿನವರೂ ಹಂಚಿಕೊಂಡಿದ್ದೇವೆ, ಓಡಿಸುವವರು ಸಂಘದ ಹೆಣ್ಣುಮಗಳೇ. ಡೀಸೆಲ್ ಲೆಕ್ಕ ಮಾತ್ರ ಇನ್ನೂ ಬಗೆಹರಿದಿಲ್ಲ. ಕಿಲೋಮೀಟರ್ ಲೆಕ್ಕವೋ ಮನೆ ಲೆಕ್ಕವೋ ಅನ್ನುವುದು ತಕರಾರು. ಮೇಲಿನ ಊರು ದೂರ, ಮನೆ ಕಡಿಮೆ, ಅವರಿಗೆ ಮನೆ ಲೆಕ್ಕ ಬೇಕು. ನಮಗೆ ಕಿಲೋಮೀಟರ್ ಲೆಕ್ಕ ಬೇಕು. ನಮ್ಮ ಅವಧಿ ಐದೇ ವರ್ಷದ್ದು, ಸದಸ್ಯರು ಬದಲಾಗುತ್ತಾರೆ. ಅದಕ್ಕೆ ರಿಜಿಸ್ಟರು, ನಕಾಶೆ ಎರಡನ್ನೂ ಮೂರು ಪ್ರತಿ ಮಾಡಿಸಿ ಮೂರೂ ಊರಿನ ಅರಿವು ಕೇಂದ್ರದಲ್ಲಿ, ಅಂದರೆ ಪಂಚಾಯ್ತಿ ಗ್ರಂಥಾಲಯದಲ್ಲಿ, ಇಟ್ಟಿದ್ದೇವೆ. ಪಂಚಾಯ್ತಿ ಕಪಾಟಿನಲ್ಲಿ ಇಟ್ಟರೆ ಬೀಗದ ಕೈ ಯಾರ ಹತ್ತಿರ ಅಂತ ಹುಡುಕಬೇಕಾಗುತ್ತದೆ. ಡೀಸೆಲ್ ತಕರಾರೂ ಅದರ ಕೊನೆಯ ಪುಟದಲ್ಲಿದೆ, ಉತ್ತರದ ಜಾಗ ಖಾಲಿ ಬಿಟ್ಟಿದ್ದೇವೆ.