ಚೆಕ್ ಬೌನ್ಸ್ ಆಯ್ತಾ? ನೋಟಿಸ್‌ನಲ್ಲಿ ಎಡವಬೇಡಿ

ಬ್ಯಾಡಗಿ ಮಾರ್ಕೆಟ್‌ನಲ್ಲಿ ಮೆಣಸಿನಕಾಯಿ ಕೊಟ್ಟು ಚೆಕ್ ಇಸಿದುಕೊಳ್ಳುತ್ತಾರೆ. ಅದು ಬೌನ್ಸ್ ಆದರೆ ಮೊದಲು ಮಾಡುವುದು ಫೋನ್. ಆ ಕಡೆಯಿಂದ ‘ಇನ್ನೊಂದ್ ವಾರ ತಡೀರಿ ಅಣ್ಣಾರ’ ಅಂತ ಉತ್ತರ. ಹೀಗೆ ತಡೆದು ತಡೆದು ಕಾನೂನು ಕೊಟ್ಟ ದಿನಗಳನ್ನೇ ಕಳೆದುಕೊಂಡ ವ್ಯಾಪಾರಿಗಳನ್ನು ನೋಡಿದರೆ ನಿಜಕ್ಕೂ ಸಂಕಟವಾಗುತ್ತದೆ.

ಮೊದಲಿಗೆ, ಚೆಕ್ ಮೇಲಿನ ತಾರೀಖಿನಿಂದ 3 ತಿಂಗಳೊಳಗೆ ಬ್ಯಾಂಕಿಗೆ ಹಾಕಿ. ವಾಪಸ್ ಬಂದರೆ ರಿಟರ್ನ್ ಮೆಮೊ, ಅಂದರೆ ಯಾಕೆ ವಾಪಸಾಯ್ತು ಎಂದು ಬ್ಯಾಂಕ್ ಬರೆದುಕೊಡುವ ಚೀಟಿ, ಇಸಿದುಕೊಳ್ಳಿ, ಅದು ಕೈಗೆ ಬಂದ ತಾರೀಖು ಬರೆದಿಡಿ.

ಇನ್ನು ನೋಟಿಸ್. ಬಹಳ ಜನ ಕೆಡಿಸಿಕೊಳ್ಳುವುದು ಇಲ್ಲೇ. ಬ್ಯಾಂಕಿನಿಂದ ಸುದ್ದಿ ತಿಳಿದ 30 ದಿನದೊಳಗೆ ಚೆಕ್ ಕೊಟ್ಟವರಿಗೆ ಬರಹದಲ್ಲಿ ಕಳಿಸಬೇಕು. ಚೆಕ್ ನಂಬರ್, ತಾರೀಖು, ಯಾವ ಬಿಲ್ಲಿಗೆ ಕೊಟ್ಟದ್ದು, ವಾಪಸ್ ಬಂದ ಕಾರಣ, ನೋಟಿಸ್ ತಲುಪಿದ 15 ದಿನದಲ್ಲಿ ಹಣ ಕೊಡಿ ಎಂಬ ಮಾತು, ಎಲ್ಲಾ ಇರಲಿ. ಮೊತ್ತದ ವಿಷಯದಲ್ಲಿ ಮಾತ್ರ ಜಾಸ್ತಿ ಎಚ್ಚರ ಬೇಕು. ಚೆಕ್ 2,40,000 ರೂಪಾಯಿಯದಾಗಿದ್ದರೆ ಅಷ್ಟನ್ನೇ ಕೇಳಿ. ಬಡ್ಡಿ, ಹಮಾಲಿ, ಹಳೇ ಬಾಕಿ ಎಲ್ಲಾ ಸೇರಿಸಿ 2,65,000 ಅಂತ ಒಂದೇ ಗಂಟು ಕಟ್ಟಿದರೆ ಕೇಸೇ ಬಿದ್ದುಹೋಗುತ್ತದೆ. ಮೊತ್ತ ಬೇರೆಯಾದರೆ ಟೈಪಿಂಗ್ ತಪ್ಪು ಎಂಬ ಸಬೂಬೂ ನಡೆಯುವುದಿಲ್ಲ ಎಂದು 2025ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಝೆರಾಕ್ಸ್ ಅಂಗಡಿಯ ರೆಡಿ ನಮೂನೆ ತುಂಬಿ ಕಳಿಸುವುದನ್ನು ದಯವಿಟ್ಟು ಬಿಡಿ, ಅದರಲ್ಲಿ ಹಿಂದಿನವರ ಮೊತ್ತವೇ ಉಳಿದಿರುತ್ತದೆ. ನಾಲ್ಕು ದುಡ್ಡು ಹೋದರೂ ವಕೀಲರ ಕೈಯಲ್ಲೇ ಬರೆಸಿ.

ಚೆಕ್ ಕೊಟ್ಟ ಮೇಲೆ ನಡುವೆ ಸ್ವಲ್ಪ ಹಣ ಬಂದಿತ್ತಾ? ಹಾಗಿದ್ದರೆ ಬ್ಯಾಂಕಿಗೆ ಹಾಕುವ ಮುಂಚೆಯೇ ಅದನ್ನು ಚೆಕ್ ಮೇಲೆ ನಮೂದಿಸಿ, ಬಾಕಿಗೆ ಮಾತ್ರ ಹಾಕಬೇಕು. ಪೂರ್ತಿ ಮೊತ್ತಕ್ಕೆ ಹಾಕಿದರೆ ಕೇಸ್ ನಿಲ್ಲುವುದಿಲ್ಲ.

ನೋಟಿಸನ್ನು ಸ್ಪೀಡ್ ಪೋಸ್ಟ್‌ನಲ್ಲೇ ಕಳಿಸಿ, ರಸೀದಿ ಜೋಪಾನ. ಸುಮ್ನೆ ವಾಟ್ಸ್‌ಆ್ಯಪ್ ಒಂದನ್ನೇ ನಂಬಿ ಕೂರಬೇಡಿ. ವಿಳಾಸ ಸರಿ ಇದ್ದು ಅವರು ಬೇಕಂತಲೇ ತಗೊಳ್ಳದಿದ್ದರೆ, ತಲುಪಿದೆ ಅಂತಲೇ ಕೋರ್ಟು ಭಾವಿಸುತ್ತದೆ.

ಆ 15 ದಿನದಲ್ಲಿ ಹಣ ಬರದಿದ್ದರೆ ಮುಂದಿನ ಒಂದು ತಿಂಗಳೊಳಗೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ ಅಡಿ ಕೋರ್ಟಿಗೆ ದೂರು ಕೊಡಿ. ಚೆಕ್ಕನ್ನು ನಿಮ್ಮ ಖಾತೆಗೆ ಹಾಕಿದ್ದರೆ, ಖಾತೆ ಇರುವ ಶಾಖೆಯ ವ್ಯಾಪ್ತಿಯ ಕೋರ್ಟೇ ಸಾಕು. ಚೆಕ್ ಕೊಟ್ಟವರು ಮುಂಬೈಯವರಾದರೂ ಹಾವೇರಿಯ ಖಾತೆಯವರು ಅಲ್ಲಿಗೆ ಅಲೆಯಬೇಕಿಲ್ಲ. ಆರೋಪಿ ತಪ್ಪು ಒಪ್ಪದಿದ್ದರೆ ಚೆಕ್ ಮೊತ್ತದ ಶೇ 20ರವರೆಗೆ ಮಧ್ಯಂತರ ಪರಿಹಾರ, ಅಂದರೆ ತೀರ್ಪಿಗೆ ಮುಂಚೆಯೇ ಸಿಗುವ ಹಣ, ಕೇಳಲು ಆ ಕಾಯ್ದೆಯ 2018ರ ತಿದ್ದುಪಡಿಯಲ್ಲಿ ಅವಕಾಶವಿದೆ. ಕೊಡುವುದು ಬಿಡುವುದು ನ್ಯಾಯಾಧೀಶರಿಗೆ ಬಿಟ್ಟದ್ದು, ಆದರೂ ಅರ್ಜಿ ಹಾಕಲು ನಿಮ್ಮ ವಕೀಲರಿಗೆ ಮೊದಲೇ ಹೇಳಿಡಿ.