ಹಳೆ ಕಾರು ಹತ್ತುವ ಮೊದಲು ಮೆತ್ತಿನ (ಅಟ್ಟದ) ಟ್ರಂಕು ತೆರೆಯಿರಿ

ಹೋದ ತಿಂಗಳು ಮೊಮ್ಮಗ ತನ್ನ ಅಂಬಾಸಿಡರ್ ಕಾರನ್ನು ಅಂಗಳಕ್ಕೆ ತಂದು ನಿಲ್ಲಿಸಿದ. 1964ರ ಗಾಡಿ, ಮಾರ್ಕ್ 2. ಎರಡು ವರ್ಷ ಬಾಗಿಲು, ಬಂಪರ್, ಸೀಟು ಅಂತ ಒದ್ದಾಡಿ ಸರಿ ಮಾಡಿಸಿದ್ದಾನೆ. ಒಂದು ಹಾರ್ನ್ ಹಳೇದೇ ಬೇಕು ಅಂತ ಹುಬ್ಬಳ್ಳಿಯ ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿದವ. ಅವನೂ ಅವನ ಗೆಳೆಯರೂ ಸೇರಿ ನಾಲ್ಕು ಹಳೆ ಕಾರಲ್ಲಿ ಶಿರಸಿಯಿಂದ ಗೋಕರ್ಣಕ್ಕೆ ಹೊರಟಿದ್ದರು. ಆ ಕಾಲದ ಬಟ್ಟೆಯನ್ನೇ ಹಾಕಿಕೊಂಡು ಹೋಗಬೇಕಂತೆ.

ಕಾರಿನ ಬಾಗಿಲು ತೆರೆಯಿತು. ಒಬ್ಬ ಬೆಲ್‌ಬಾಟಮ್ ಹಾಕಿ ಇಳಿದ. ಇನ್ನೊಬ್ಬನ ತಲೆಮೇಲೆ ಬಾಡಿಗೆಗೆ ತಂದ ಮೈಸೂರು ಪೇಟ. ಹುಡುಗಿಯೊಬ್ಬಳು ಮಿರಮಿರ ಮಿಂಚುವ ನೆಟ್ ಸೀರೆಗೆ ಹತ್ತು ಪಿನ್ನು ಚುಚ್ಚಿಕೊಂಡಿದ್ದಳು. ನಾನು ಬಾಯಿಬಿಡುವ ಮೊದಲೇ ನಮ್ಮ ಮಾಣಿ, ಅಂದರೆ ಮೊಮ್ಮಗ, "ಹಳೇದು ಅಂದ್ರೆ ಹಳೇದೇ ಅಲ್ದ ಅಮ್ಮಮ್ಮ" ಅಂದ. ಅಲ್ಲ ಮಾರಾಯಾ. ಹಾರ್ನಿಗೆ ಒಂದು ಲೆಕ್ಕ, ಬಟ್ಟೆಗೆ ಇನ್ನೊಂದು ಲೆಕ್ಕವಾ?

ಅವತ್ತು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮದುವೆಗೂ ಈಗ ಹಳೆ ಕಾರು ಬಾಡಿಗೆಗೆ ತರುತ್ತಾರೆ, ಫೋಟೋ ತೆಗೆಸುತ್ತಾರೆ, ಎಲ್ಲರದ್ದೂ ಇದೇ ತಪ್ಪು.

ಮೊದಲು ಕಾರಿನ ಇಸವಿ ನೋಡಿ. ಬಟ್ಟೆ ಅದಕ್ಕಿಂತ ಹಳೇದಿದ್ದರೆ ನಡೆಯುತ್ತದೆ, ಹೊಸದು ನಡೆಯುವುದಿಲ್ಲ. ಬೆಲ್‌ಬಾಟಮ್ ನಮ್ಮ ಕಡೆ ಬಂದದ್ದು ಎಪ್ಪತ್ತರ ದಶಕದಲ್ಲಿ. 1964ರ ಅಂಬಾಸಿಡರಿಗೆ ಅದು ಸಲ್ಲ, ಆಮೇಲಿನ ಪದ್ಮಿನಿ ಕಾರಿಗಾದರೆ ಸರಿ. 1964ರ ಹೊತ್ತಿನ ಪ್ಯಾಂಟು ಹೊಕ್ಕುಳ ಹತ್ತಿರ ನಿಲ್ಲುತ್ತಿತ್ತು. ಮುಂದೆ ಎರಡು ನೆರಿಗೆ, ಕೆಳಗೆ ಪಾದದ ಹತ್ತಿರ ಒಂದು ಮಡಿಕೆ. ಟೆರಿಲಿನ್ ಅಂಗಿ ಮುಂಬೈಯಿಂದ ಯಾರಾದರೂ ತಂದರೆ ಊರೆಲ್ಲ ಮುಟ್ಟಿ ನೋಡುತ್ತಿತ್ತು. ಕೈಗೆ ಎಚ್ಚೆಮ್ಟಿ ವಾಚು ಕಟ್ಟಿದರೆ ತಪ್ಪಿಲ್ಲ, ಬೆಂಗಳೂರಿನಲ್ಲಿ ಅದರ ಕಾರ್ಖಾನೆ 1961ರಲ್ಲೇ ಶುರುವಾಗಿತ್ತು. ನಂಬರು ಮಿನುಗುವ ವಾಚನ್ನು ಮಾತ್ರ ಬಿಚ್ಚಿ ಕಿಸೆಗೆ ಹಾಕಿ.

ಎರಡನೇದು, ಊರು ನೋಡಿ. ಮೈಸೂರು ಪೇಟ ನೋಡಿ ನನಗೆ ಸಿಟ್ಟು ಬಂದದ್ದು ಇದಕ್ಕೇ. 1956ರ ನವೆಂಬರ್ 1ರವರೆಗೆ ಉತ್ತರ ಕನ್ನಡ ಇದ್ದದ್ದು ಮುಂಬೈ ರಾಜ್ಯದಲ್ಲಿ. ನಮ್ಮ ಗಂಡಸರು ಪೇಟೆಗೆ ಹೊರಟರೆ ಧೋತರ, ಅಂಗಿ, ಮೇಲೊಂದು ಕೋಟು, ತಲೆಗೆ ಕರಿ ಟೊಪ್ಪಿಗೆ. ಅಡಿಕೆ ವ್ಯಾಪಾರಕ್ಕೆ ಹೋಗುವವರೂ ಹಾಗೇ. ಅಂಕೋಲೆ ಕಡೆಯವರಾದರೆ ಖಾದಿ, ಬಿಳಿ ಟೊಪ್ಪಿಗೆ. 1930ರಲ್ಲಿ ಉಪ್ಪಿನ ಸತ್ಯಾಗ್ರಹ ಮಾಡಿದ ಊರು ಅದು, ಅಲ್ಲಿ ಖಾದಿ ಉಡದ ಮನೆ ಕಡಿಮೆ ಇತ್ತು. ಖಾದಿ ಬೇಕಿದ್ದರೆ ಹುಬ್ಬಳ್ಳಿಯ ಬೆಂಗೇರಿಗೆ ಹೋಗಿ, ರಾಷ್ಟ್ರಧ್ವಜ ಹೊಲಿಯುತ್ತಾರಲ್ಲ, ಅಲ್ಲಿಗೆ. ನಮ್ಮ ಮಾಣಿಯ ಕಾರಿನ ಹಳೆ ನಂಬರು ‘ಎಂವೈ’ಯಿಂದ ಶುರುವಾಗುತ್ತದೆ, ಮೈಸೂರು ರಾಜ್ಯದ್ದು. 1973ರಲ್ಲಿ ಕರ್ನಾಟಕ ಅಂತ ಹೆಸರು ಬರುವ ಮೊದಲಿನದು. ಅದನ್ನು ತೋರಿಸಿ, "ನೋಡಿ ಅಮ್ಮಮ್ಮ, ಮೈಸೂರು" ಅಂದ. ನಂಬರ್ ಪ್ಲೇಟು ಬದಲಾಯಿತು ಅಂತ ಶಿರಸಿಯವರು ಟೊಪ್ಪಿಗೆ ಬಿಚ್ಚಿ ಪೇಟ ಸುತ್ತಿಕೊಂಡರಾ?

ಮೂರನೇದು ವಯಸ್ಸು. ಇದನ್ನಂತೂ ಯಾರೂ ಯೋಚಿಸುವುದೇ ಇಲ್ಲ. ಒಂದೇ ಕಾರಲ್ಲಿ ಕೂತವರೆಲ್ಲ ಒಂದೇ ಕಾಲದ ಬಟ್ಟೆ ಹಾಕುತ್ತಿರಲಿಲ್ಲ. ನನ್ನ ಅಜ್ಜಿ ಸಾಯುವವರೆಗೂ ಕಚ್ಚೆ ಹಾಕಿ ಹದಿನಾರು ಮೊಳದ ಸೀರೆ ಉಟ್ಟವಳು. ಅದೇ ಮನೆಯಲ್ಲಿ ಆಯಿಗೆ, ಅಂದರೆ ನನ್ನ ಅಮ್ಮನಿಗೆ, ಆರು ಗಜದ ಇಳಕಲ್ ಸೀರೆ, ಗುಳೇದಗುಡ್ಡದ ಖಣದ ರವಿಕೆ. ಚಿಕ್ಕಮ್ಮನಿಗೆ ಪಫ್ ತೋಳಿನ ರವಿಕೆಯೇ ಆಗಬೇಕು. ನಿಮ್ಮ ಜೊತೆ ಹಿರಿಯರು ಕಾರು ಹತ್ತುವುದಾದರೆ ಅವರಿಗೆ ಇಪ್ಪತ್ತು ವರ್ಷ ಹಿಂದಿನದನ್ನು ಉಡಿಸಿ. ಆಗ ಫೋಟೋ ನಿಜ ಅನಿಸುತ್ತದೆ. ಎಲ್ಲರೂ ಒಂದೇ ಅಂಗಡಿಯಿಂದ ತಂದದ್ದು ಹಾಕಿದರೆ ನಾಟಕ ಕಂಪನಿಯಂತೆ ಕಾಣುತ್ತೀರಿ.

ಇನ್ನೊಂದು ಮಾತು. ನಮ್ಮ ಜಿಲ್ಲೆಯ ಹಾಲಕ್ಕಿ ಒಕ್ಕಲಿಗ ಸಮುದಾಯದವರ ಮಣಿಸರ, ಸೀರೆ ಕಟ್ಟುವ ರೀತಿ ಚಂದ ಅಂತ ಅದನ್ನು ವೇಷ ಮಾಡಿಕೊಳ್ಳಬೇಡಿ. ಆ ಸಮುದಾಯದವರೇ ಆದ, ಗಿಡ ನೆಟ್ಟು ಕಾಡು ಬೆಳೆಸಿದ ಹೊನ್ನಳ್ಳಿಯ ತುಳಸಿ ಗೌಡರು 2021ರಲ್ಲಿ ರಾಷ್ಟ್ರಪತಿಗಳ ಕೈಯಿಂದ ಪದ್ಮಶ್ರೀ ತೆಗೆದುಕೊಂಡದ್ದು ಬರಿಗಾಲಲ್ಲಿ, ಅದೇ ಉಡುಗೆಯಲ್ಲಿ. ಅವರಿಗೆ ಅದು ದಿನದ ಬಟ್ಟೆಯಾಗಿತ್ತು. ನಿಮಗೆ ಅರ್ಧ ದಿನದ ಫೋಟೋಕ್ಕೆ ಬೇಕಾ?

ಈಗ ಬಟ್ಟೆ ಎಲ್ಲಿ ಸಿಗುತ್ತದೆ ಅಂತ ಕೇಳುತ್ತೀರಿ. ಆನ್‌ಲೈನಲ್ಲಿ ಹುಡುಕುವ ಮೊದಲು ನಿಮ್ಮ ಮನೆ ಮೆತ್ತು ಹತ್ತಿ. ಅಲ್ಲೊಂದು ಟ್ರಂಕು ಇರುತ್ತದೆ. ಇಲ್ಲದಿದ್ದರೆ ದೊಡ್ಡಮ್ಮನ ಮನೆಯಲ್ಲಿ, ಅತ್ತೆಯ ಮನೆಯಲ್ಲಿ ಇರುತ್ತದೆ. ಒಂದು ಕವಳ (ಎಲೆಯಡಿಕೆ) ಹಾಕಿ ಕೂತು ಮಾತಾಡಿದರೆ ಅವರೇ ತೆಗೆದುಕೊಡುತ್ತಾರೆ. ಹೋದ ಕೂಡಲೇ ಕೇಳಬೇಡಿ. ಹಳೆ ಟೇಲರ್ ಇದ್ದರೆ ಅಜ್ಜನ ಫೋಟೋ ಒಯ್ದು ತೋರಿಸಿ, ಕಾಲರ್ ಎಷ್ಟು ಅಗಲ, ತೋಳು ಎಲ್ಲಿಗೆ ಅಂತ ಅವರಿಗೆ ನೋಡಿದರೇ ಗೊತ್ತಾಗುತ್ತದೆ. ಆದರೆ ಸ್ಟುಡಿಯೋ ಫೋಟೋವನ್ನು ಪೂರ್ತಿ ನಂಬಬೇಡಿ. ಅದರಲ್ಲಿ ಎಲ್ಲರೂ ಇದ್ದದ್ದರಲ್ಲಿ ಒಳ್ಳೇದನ್ನು ಹಾಕಿಕೊಂಡಿರುತ್ತಾರೆ. ಕಾರಲ್ಲಿ ಯಾರೂ ಹಾಗೆ ಹೋಗುತ್ತಿರಲಿಲ್ಲ.

ನಮ್ಮ ತವರು ಕುಮಟಾ ಹತ್ತಿರ. ನಾನು ಹೈಸ್ಕೂಲಲ್ಲಿ ಇರುವಾಗ ಸೋದರಮಾವನ ಮದುವೆಗೆ ಬಾಡಿಗೆ ಕಾರು ಮಾಡಿಕೊಂಡು ದೇವಿಮನೆ ಘಟ್ಟ ಹತ್ತಿ ಶಿರಸಿ ಕಡೆ ಬಂದದ್ದು ನೆನಪಿದೆ. ಕಾರಲ್ಲಿ ಎಷ್ಟು ಜನ ಇದ್ದೆವು ಅಂತ ಲೆಕ್ಕ ಬೇಡ, ನಾನು ಆಯಿಯ ಕಾಲ ಹತ್ತಿರ ಕೂತಿದ್ದೆ. ಕಿಟಕಿಯಿಂದ ಕೆಂಪು ಧೂಳು. ತಿರುವಿಗೊಬ್ಬರು ವಾಂತಿ. ಪಟ್ಟೆ ಸೀರೆ, ಅಂದರೆ ರೇಷ್ಮೆ ಸೀರೆಗಳೆಲ್ಲ ಟ್ರಂಕಿನಲ್ಲಿ, ಟ್ರಂಕು ಡಿಕ್ಕಿಯಲ್ಲಿ. ಹೆಂಗಸರು ಒಗೆದ ಹತ್ತಿ ಸೀರೆ ಉಟ್ಟು, ಸೆರಗನ್ನು ಕಿವಿ ಮುಚ್ಚುವಂತೆ ಎಳೆದುಕೊಂಡಿದ್ದರು. ಮದುವೆ ಮನೆ ಮುಟ್ಟಿ, ಕೈಕಾಲು ತೊಳೆದ ಮೇಲೆ ಪಟ್ಟೆ ಸೀರೆ. ಹಾಗಾಗಿ ಹಳೆ ಕಾರಿಗೆ ಹೊಂದುವ ಬಟ್ಟೆ ಅಂದರೆ ಹತ್ತಿ ಬಟ್ಟೆ. ಒಗೆದು ಒಗೆದು ಮೆತ್ತಗಾದದ್ದು, ಗಂಜಿ ಹಾಕಿ ನಿಲ್ಲಿಸಿದ್ದು.

ಗಂಜಿ ವಿಷಯಕ್ಕೇ ಬಂದೆ ನೋಡಿ. ಪೇಟೆಯಲ್ಲಿ ಸಿಗುವ ಸ್ಪ್ರೇ ಹೊಡೆದು ಇಸ್ತ್ರಿ ಮಾಡಿದರೆ ಬಟ್ಟೆ ರಟ್ಟಿನ ಹಾಗೆ ನಿಲ್ಲುತ್ತದೆ. ಅರ್ಧ ಗಂಟೆ ಕಾರಲ್ಲಿ ಕೂತು ಎದ್ದರೆ ಹಿಂದೆಲ್ಲ ಬಿಳಿ ಬಿಳಿ ಗೀರು. ಮನೆ ಗಂಜಿ ಹಾಗಲ್ಲ. ಅದರಲ್ಲಿ ಬಟ್ಟೆ ನಿಲ್ಲುತ್ತದೆ, ಬಗ್ಗುತ್ತದೆ, ಮತ್ತೆ ನಿಲ್ಲುತ್ತದೆ.

ಬೆಳ್ತಿಗೆ ಅಕ್ಕಿಯನ್ನೇ, ಅಂದರೆ ಬಿಳಿ ಅಕ್ಕಿಯನ್ನೇ ತೆಗೆದುಕೊಳ್ಳಿ. ಕರಾವಳಿಯವರು ಮನೆಯಲ್ಲಿ ಇದೆ ಅಂತ ಕುಚಲಕ್ಕಿ ತಿಳಿ ಬಳಸುತ್ತಾರೆ, ಬಿಳಿ ಧೋತರ ಕೆಂಪು ಛಾಯೆಗೆ ತಿರುಗುತ್ತದೆ, ಆಮೇಲೆ ಸೋಪಿಗೆ ಬೈಯುತ್ತಾರೆ. ಒಂದು ಮುಷ್ಟಿ ಅಕ್ಕಿಗೆ ನೀರು ಧಾರಾಳ ಇಟ್ಟು ಅಕ್ಕಿ ಒಡೆದು ಕರಗುವವರೆಗೆ ಬೇಯಿಸಿ. ಅನ್ನ ಆಗುವ ಹದ ದಾಟಬೇಕು. ಬೇಯುತ್ತಿರುವಾಗಲೇ ಒಂದು ಚಿಟಿಕೆ ಉಪ್ಪು. ಉಪ್ಪು ಹಾಕಿದರೆ ಇಸ್ತ್ರಿ ಪೆಟ್ಟಿಗೆ ಬಟ್ಟೆಗೆ ಅಂಟುವುದಿಲ್ಲ. ಹಳೆ ಪಾಣಿಪಂಚೆಯ (ತೆಳು ಟವೆಲಿನ) ತುಂಡಿನಲ್ಲಿ ಸೋಸಿ. ಆ ಬಟ್ಟೆ ತೊಳೆದು ಇನ್ನೊಮ್ಮೆ ಸೋಸಿ. ಒಂದೇ ಸಲ ಸೋಸಿ ಬಿಡುವವರೇ ಜಾಸ್ತಿ. ಒಂದು ಅಗುಳಿನ ಚೂರು ಉಳಿದರೂ ಇಸ್ತ್ರಿ ತಾಗಿದಾಗ ಅಲ್ಲೇ ಹಳದಿ ಚುಕ್ಕೆ.

ಎಷ್ಟು ನೀರು ಸೇರಿಸಬೇಕು ಅಂತ ನನ್ನನ್ನು ಕೇಳಬೇಡಿ, ಬೆರಳನ್ನು ಕೇಳಿ. ತೋರುಬೆರಳು, ಹೆಬ್ಬೆರಳು ಅದ್ದಿ ತಿಕ್ಕಿ ನೋಡಿ. ಜಾರಬೇಕು, ಬಿಡಿಸುವಾಗ ಸಣ್ಣಗೆ ಹಿಡಿದು ಬಿಡಬೇಕು. ನೂಲು ಎಳೆದಂತೆ ಬಂದರೆ ಗಟ್ಟಿಯಾಯಿತು. ಬೆಚ್ಚಗಿರುವಾಗಲೇ ಹಾಕಿ, ತಣಿದರೆ ಮೇಲೆ ಕೆನೆ ಕಟ್ಟಿ ಬಟ್ಟೆಗೆ ತೇಪೆಯಂತೆ ಹಿಡಿಯುತ್ತದೆ. ಹುಳಿ ಬಂದ ಗಂಜಿಯಂತೂ ಬೇಡವೇ ಬೇಡ. ದಾರಿಯುದ್ದಕ್ಕೂ ನಾರುತ್ತೀರಿ.

ಒಣಗಿದ ಬಟ್ಟೆಯನ್ನು ನೇರವಾಗಿ ಗಂಜಿಗೆ ಹಾಕುವ ಹಾಗಿಲ್ಲ. ಮೊದಲು ಬರೀ ನೀರಲ್ಲಿ ಅದ್ದಿ ಹಿಂಡಿ, ಆಮೇಲೆ ಗಂಜಿ. ಬಿಳಿಗೆ ನೀಲಿ ಬೇಕಿದ್ದರೆ ಮೊದಲಿನ ನೀರಿಗೇ ಹಾಕಿ, ಪುಡಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಆಡಿಸಬೇಕು. ಬಣ್ಣದ ಸೀರೆಯಾದರೆ ಒಳಮೈ ಹೊರಗೆ ಮಾಡಿ ನೆರಳಲ್ಲಿ ಗಳದ ಮೇಲೆ ಹರವಿ. ಅಂಗಳದಲ್ಲಿ ಹಪ್ಪಳ ಹರವಿದ್ದರೆ ಅದರ ಪಕ್ಕ ಬೇಡ. ಕಾಗೆ ಓಡಿಸುವ ಗಡಿಬಿಡಿಯಲ್ಲಿ ಸೀರೆ ಹಪ್ಪಳದ ಮೇಲೆ ಬಿದ್ದು ಎರಡೂ ಹಾಳಾದದ್ದು ನಮ್ಮ ಮನೆಯಲ್ಲೇ ಆಗಿದೆ. ಅಂದಹಾಗೆ ಹಲಸಿನ ಹಪ್ಪಳಕ್ಕೆ ಬಲಿತ ಕಾಯಿಯೇ ಬೇಕು. ಈ ವರ್ಷ ಸೊಸೆ ಹಣ್ಣಾಗಲು ಹೊರಟ ಕಾಯಿ ಕೊಯ್ಸಿದಳು, ಹಪ್ಪಳ ಕರಿದರೆ ಕಪ್ಪು, ಬಾಯಿಗಿಟ್ಟರೆ ಸಿಹಿ. ಹೇಳಿದರೆ ಕೇಳುವವರು ಯಾರು.

ನಾನು ಆಣೆ ಹಾಕಿ ಹೇಳುವುದು ಇನ್ನು ಮುಂದಿನದಕ್ಕೆ. ಬಟ್ಟೆ ಪೂರ್ತಿ ಒಣಗಲು ಬಿಡಬೇಡಿ. ಕೆನ್ನೆಗೆ ಒತ್ತಿದರೆ ತಂಪು ಅನಿಸಬೇಕು, ಕೈಗೆ ಒದ್ದೆ ತಾಗಬಾರದು. ಆಗ ಇಬ್ಬರು ಎದುರು ಬದುರು ನಿಂತು ನಾಲ್ಕು ಮೂಲೆ ಹಿಡಿಯಬೇಕು. ಒಬ್ಬರು ಎಳೆಯುವಾಗ ಇನ್ನೊಬ್ಬರು ಬಿಗಿ ಹಿಡಿಯಬೇಕು. ಆಮೇಲೆ ಓರೆಯಾಗಿ, ನಿಮ್ಮ ಬಲಗೈ ಮೂಲೆಯಿಂದ ಅವರ ಬಲಗೈ ಮೂಲೆಗೆ. ಒಮ್ಮೆ ಜಾಡಿಸಿದರೆ ಪಟ್ ಅಂತ ಸದ್ದು ಬರಬೇಕು. ಮದುವೆಯಾಗಿ ಬಂದ ಮೊದಲ ವರ್ಷ ನನ್ನ ಅತ್ತೆಗೂ ನನಗೂ ಮಾತು ಅಷ್ಟಕ್ಕಷ್ಟೇ. ಆದರೆ ಜಗುಲಿಯಲ್ಲಿ ಸೀರೆ ಎಳೆಯಲು ನಿಂತರೆ ಆಕೆ ಹುಬ್ಬು ಹಾರಿಸುತ್ತಿದ್ದಳು, ನಾನು ಎಳೆಯುತ್ತಿದ್ದೆ. ಒಮ್ಮೆ ನಾನು ಜೋರಾಗಿ ಎಳೆದು ಆಕೆ ಮುಗ್ಗರಿಸಿ ಕೂತಳು. ಬೈಯುತ್ತಾಳೆ ಅಂತ ಕಾದೆ. ನಕ್ಕುಬಿಟ್ಟಳು. ಹೀಗೆ ಎಳೆದ ಬಟ್ಟೆಗೆ ಅರ್ಧ ಇಸ್ತ್ರಿ ಆಗಿಹೋದ ಹಾಗೆ. ಅಂಚು ಸೊಟ್ಟ ಹೋಗುವುದಿಲ್ಲ, ನೆರಿಗೆ ಹಿಡಿದರೆ ಒಂದರ ಮೇಲೊಂದು ಕೂರುತ್ತದೆ. ಪಿನ್ನು ಬೇಕಾಗುವುದಿಲ್ಲ. ಆಯಿಯ ಸೀರೆಗಳಿಗೆ ಫಾಲ್ ಕೂಡ ಇರಲಿಲ್ಲ, ಗಂಜಿಯೇ ಎಲ್ಲ.

ಎಳೆದದ್ದನ್ನು ಸುರುಳಿ ಸುತ್ತಿ ಒಂದು ತಾಸು ಇಡಿ, ತೇವ ಎಲ್ಲ ಕಡೆ ಸಮ ಆಗಲಿ. ಆಮೇಲೆ ಇಸ್ತ್ರಿ. ಹಿಂದೆ ಗೆರಟೆ ಕೆಂಡದ ಪೆಟ್ಟಿಗೆ, ಈಗ ನಿಮ್ಮ ಕರೆಂಟಿನದು ಸಾಕು. ರಾತ್ರಿ ಹಾಸಿಗೆ ಕೆಳಗೆ ಇಟ್ಟು ಮಲಗಿದರೆ ಮಡಿಕೆ ಕತ್ತಿಯಂತೆ ನಿಲ್ಲುತ್ತದೆ. ಧೋತರದವರು ಕಾರು ಚಾಲೂ ಮಾಡುವ ಹ್ಯಾಂಡಲ್ ತಿರುಗಿಸಲು ಹೋಗಬೇಡಿ, ಗ್ರೀಸು ತಾಗಿದರೆ ಹೋಗುವುದಿಲ್ಲ. ಅಡಿಕೆ ಚೊಗರಿನ ಕಲೆಯೂ ಅಷ್ಟೇ, ಅದಕ್ಕೆ ನಾನೂ ಕೈ ಮುಗಿದಿದ್ದೇನೆ.

ಪಟ್ಟೆ ಸೀರೆ ಉಡಲೇಬೇಕು ಅಂತ ಹಟವಿದ್ದರೆ ಮೊದಲು ಮಡಿಕೆಯ ಗೆರೆ ನೋಡಿ. ಎರಡು ಬೆರಳಲ್ಲಿ ಸ್ವಲ್ಪ ಎಳೆದರೆ ನೂಲು ಬಿಟ್ಟುಕೊಂಡರೆ ಉಡಬೇಡಿ, ಕಾರು ಹತ್ತುವಾಗ ಚರ್ ಅನ್ನುತ್ತದೆ. ಅಂಚನ್ನು ಬಿಚ್ಚಿ ರವಿಕೆಗೆ ಹಚ್ಚಿ. ಗಟ್ಟಿ ಇದ್ದರೆ ಅಂಟವಾಳಕಾಯಿ ನೊರೆಯಲ್ಲಿ ಅದ್ದಿ ತೆಗೆಯಿರಿ, ಹಿಂಡಬೇಡಿ, ಗಂಜಿ ಮುಟ್ಟಿಸಬೇಡಿ. ಮಡಚುವಾಗ ಹಳೆ ಗೆರೆ ಬಿಟ್ಟು ಬೇರೆ ಕಡೆ ಮಡಚಿ. ಟ್ರಂಕಿಗೆ ನುಸಿಗುಳಿಗೆ ಹಾಕುವ ಬದಲು ಒಣಗಿದ ಸುರಗಿ ಹೂವು, ಲಾವಂಚದ ಬೇರು ಹಾಕಿ. ಸುರಗಿ ಒಣಗಿದ ಮೇಲೂ ಪರಿಮಳ ಬಿಡುವುದಿಲ್ಲ. ಮುಡಿಗೆ ಅಬ್ಬಲಿಗೆಯೋ (ಕನಕಾಂಬರ) ಭಟ್ಕಳ ಮಲ್ಲಿಗೆಯೋ ಸಾಕು, ಪ್ಲಾಸ್ಟಿಕ್ ಹೂ ಕಂಡರೆ ನಾನೇ ಕಿತ್ತು ಹಾಕುತ್ತೇನೆ.

ಕೊನೆಗೆ ನಮ್ಮ ಮಾಣಿ ಅಜ್ಜನ ಧೋತರ ಉಟ್ಟ, ಕರಿ ಟೊಪ್ಪಿಗೆ ಹಾಕಿದ. ನೆಟ್ ಸೀರೆಯ ಹುಡುಗಿಗೆ ನನ್ನ ನೀಲಿ ಇಳಕಲ್ ಕೊಟ್ಟೆ. ಜಗುಲಿಯಲ್ಲಿ ಅವಳೇ ನನ್ನ ಎದುರು ನಿಂತು ಮೂಲೆ ಹಿಡಿದಳು. ಮೊದಲ ಸಲ ಕೈ ಜಾರಿತು, ಎರಡನೇ ಸಲ ಪಟ್ ಅಂತು.

ಈಗ ಆ ಬಟ್ಟೆ ವಾಪಸು ಬಂದಿದೆ. ಚಂದ ಮಡಚಿ ಹಾಗೇ ಟ್ರಂಕಿಗೆ ಹಾಕಲು ಹೊರಟಿದ್ದರು. ಗಂಜಿ ಇರುವ ಬಟ್ಟೆಯನ್ನು ಇಡಬಾರದು. ಜಿರಲೆ ತಿನ್ನುತ್ತದೆ, ಮಳೆ ಹಿಡಿದ ಮೇಲೆ ನಮ್ಮ ಕಡೆ ಎಂಟೇ ದಿನಕ್ಕೆ ಬೂಷ್ಟು. ಎರಡು ನೀರಲ್ಲಿ ಗಂಜಿ ಪೂರ್ತಿ ಬಿಡಿಸಿ, ಒಳ್ಳೆ ಬಿಸಿಲಿಗೆ ಒಣಗಿಸಿ, ಇಸ್ತ್ರಿ ಮಾಡದೇ ಇಡಬೇಕು. ಬಿಸಿಲು ಇನ್ನೆಷ್ಟು ದಿನ ಇರುತ್ತದೋ, ನಾಳೆ ಬೆಳಗ್ಗೆಯೇ ನೆನೆಹಾಕುತ್ತೇನೆ.