ಪ್ರೆಷರ್ ವಾಷರ್: ಕೊಳ್ಳುವ ಮುನ್ನ, ಟ್ರಿಗರ್ ಒತ್ತುವ ಮುನ್ನ

ನಮ್ಮನೆ ಹಿತ್ತಲಿನ ಮರದ ಬೆಂಚಿನ ಮೇಲೆ ಹಾವು ಹರಿದಂಥ ಒಂದು ಗೆರೆಯಿದೆ. ಬಂದವರೆಲ್ಲ ಅದರ ಮೇಲೆ ಬೆರಳಾಡಿಸಿ "ಯಾರು ಕೆತ್ತಿದ್ದು?" ಅಂತಾರೆ. ಕೆತ್ತಿದ್ದು ನಾನೇ, ನೀರಿನಲ್ಲಿ. ಒತ್ತಡದಲ್ಲಿ ನೀರು ಚಿಮ್ಮಿಸಿ ಕೊಳೆ ತೊಳೆಯುವ ಯಂತ್ರ, ಪ್ರೆಷರ್ ವಾಷರ್, ಮನೆಗೆ ಬಂದ ಮೊದಲ ದಿನ ಅದು. ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದ ಅನ್ನುವ ಹಾಗೆ, ಕಣ್ಣಿಗೆ ಬಿದ್ದದ್ದನ್ನೆಲ್ಲ ತೊಳೆಯುವ ಹುಮ್ಮಸ್ಸು. ಪಾಚಿ ಹೋಗಲಿ ಅಂತ ನಾಜಲನ್ನು (ನೀರು ಚಿಮ್ಮುವ ತುದಿಯನ್ನು) ಮರಕ್ಕೆ ಒಂದು ಗೇಣು ಹತ್ತಿರ ಹಿಡಿದೆ. ಪಾಚಿ ಹೋಯಿತು, ಅದರ ಕೆಳಗಿನ ಮರವೂ ಹೋಯಿತು.

ಆ ಯಂತ್ರ ಎರಡು ವರ್ಷ ಬಾಳಿತು. ಈಗಿರುವುದು ಎರಡನೆಯದು, ಆರನೇ ವರ್ಷ ನಡೆಯುತ್ತಿದೆ. ಮೊದಲನೆಯದನ್ನು ಹಾಳುಮಾಡಿ ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅಂಗಡಿಯಲ್ಲಿ ಎಲ್ಲರೂ ಮೊದಲು ನೋಡುವುದು ಡಬ್ಬಿಯ ಮೇಲೆ ದಪ್ಪಗೆ ಅಚ್ಚಾದ ಬಾರ್ ಸಂಖ್ಯೆಯನ್ನು, ಅಂದರೆ ಒತ್ತಡದ ಅಳತೆಯನ್ನು. 130 ಬಾರ್, 160 ಬಾರ್, 200 ಬಾರ್. ಒತ್ತಡದ ಇನ್ನೊಂದು ಅಳತೆಯಾದ ಪಿಎಸ್‌ಐನಲ್ಲಿ ಬರೆದಿದ್ದರೆ 14.5ರಿಂದ ಭಾಗಿಸಿ, ಬಾರ್ ಸಿಗುತ್ತದೆ. ಅದರಷ್ಟೇ ಮುಖ್ಯವಾದ ಇನ್ನೊಂದು ಸಂಖ್ಯೆ ಸಣ್ಣ ಅಕ್ಷರದಲ್ಲಿ ಅಡಗಿರುತ್ತದೆ: ನಿಮಿಷಕ್ಕೆ ಎಷ್ಟು ಲೀಟರ್ ನೀರು. ಒತ್ತಡ ಕೊಳೆಯನ್ನು ನೆಲದಿಂದ ಬಿಡಿಸುತ್ತದೆ, ಬಿಟ್ಟ ಕೊಳೆಯನ್ನು ಹೊತ್ತೊಯ್ಯುವುದು ನೀರಿನ ಪ್ರಮಾಣ. ನೀರು ಕಡಿಮೆಯಾದರೆ ಕೆಸರು ಇಲ್ಲಿಂದೆದ್ದು ಅಲ್ಲಿ ಕೂರುತ್ತದೆ, ನೀವು ಅದರ ಹಿಂದೆ ಅಲೆಯುತ್ತೀರಿ.

ಡಬ್ಬಿಯ ಮಾತು ಎಷ್ಟು ನಿಜ ಅಂತ ಅಂಗಡಿಯಲ್ಲೇ ನಿಂತು ಲೆಕ್ಕ ಹಾಕಬಹುದು. ಬಾರ್ ಸಂಖ್ಯೆಯನ್ನು ಲೀಟರ್ ಸಂಖ್ಯೆಯಿಂದ ಗುಣಿಸಿ 600ರಿಂದ ಭಾಗಿಸಿ. ಬಂದದ್ದು ಆ ನೀರಿಗೆ ಬೇಕಾದ ಶಕ್ತಿ, ಕಿಲೋವ್ಯಾಟ್‌ನಲ್ಲಿ. 100 ಬಾರ್, 7 ಲೀಟರ್ ಅಂದರೆ ಸುಮಾರು 1.2 ಕಿಲೋವ್ಯಾಟ್. 1800 ವ್ಯಾಟ್ ಮೋಟಾರಿನಿಂದ ಇದು ಆಗುವ ಕೆಲಸ, ಮೋಟಾರು ಪಂಪುಗಳಲ್ಲಿ ನಷ್ಟವಾಗುವುದನ್ನು ಕಳೆದರೂ ಸಾಕಾಗುತ್ತದೆ. ಅದೇ 1800 ವ್ಯಾಟ್ ಯಂತ್ರದ ಡಬ್ಬಿಯ ಮೇಲೆ 200 ಬಾರ್, 10 ಲೀಟರ್ ಅಂತಿದ್ದರೆ? ಲೆಕ್ಕ 3.3 ಕಿಲೋವ್ಯಾಟ್ ಬರುತ್ತದೆ. ಒಳಗೆ ಹೋದದ್ದಕ್ಕಿಂತ ಹೆಚ್ಚು ಶಕ್ತಿ ಹೊರಗೆ ಬರುವ ಯಂತ್ರವನ್ನು ಇನ್ನೂ ಯಾರೂ ಕಟ್ಟಿಲ್ಲ. ಇಂಥ ಡಬ್ಬಿಗಳಲ್ಲಿ ಗರಿಷ್ಠ ಒತ್ತಡವನ್ನೂ ಗರಿಷ್ಠ ಹರಿವನ್ನೂ ಅಕ್ಕಪಕ್ಕ ಬರೆದಿರುತ್ತಾರೆ. ಎರಡೂ ನಿಜವಿರಬಹುದು, ಆದರೆ ಒಟ್ಟಿಗೆ ಸಿಗುವುದಿಲ್ಲ. ನೀವು ಕೇಳಬೇಕಾದ್ದು ಕೆಲಸದ ಒತ್ತಡ, ಅಂದರೆ ನೀರು ಹರಿಯುತ್ತಿರುವಾಗ ಇರುವ ಒತ್ತಡ. ಅಂಗಳ, ಕಾಂಪೌಂಡು ಗೋಡೆ, ಗಾಡಿ ತೊಳೆಯುವ ಮನೆಗೆ 100ರಿಂದ 130 ಬಾರ್, 6ರಿಂದ 8 ಲೀಟರ್ ಧಾರಾಳ. ಬರೀ ಕಾರು, ಬೈಕು ಅಂದರೆ 80ರಿಂದ 100 ಬಾರೇ ಸಾಕು. ಅದಕ್ಕಿಂತ ದೊಡ್ಡದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ.

ಆಮೇಲೆ ಮೋಟಾರು. ಯೂನಿವರ್ಸಲ್ ಮೋಟಾರು ಹಗುರ, ಅಗ್ಗ, ಮಿಕ್ಸಿಯಂತೆ ಕಿರುಚುತ್ತದೆ, ಅದರ ಕಾರ್ಬನ್ ಬ್ರಷ್ ಸವೆಯುತ್ತದೆ. ಇಂಡಕ್ಷನ್ ಮೋಟಾರು ಭಾರ, ದುಬಾರಿ, ಸದ್ದು ಕಡಿಮೆ, ಬಾಳಿಕೆ ಹೆಚ್ಚು. ತಿಂಗಳಿಗೊಮ್ಮೆ ಹತ್ತು ನಿಮಿಷದ ಕೆಲಸವಾದರೆ ಮೊದಲನೆಯದೇ ಇರಲಿ. ನನ್ನಂತೆ ವಾರವಾರ ಅರ್ಧ ಗಂಟೆ ನಡೆಸುವವರು ಎರಡನೆಯದಕ್ಕೆ ಹೋಗಿ. ಎತ್ತಿ ನೋಡಿದರೆ ಕೈಗೇ ವ್ಯತ್ಯಾಸ ಗೊತ್ತಾಗುತ್ತದೆ. ಪಂಪಿನ ತಲೆ ಪ್ಲಾಸ್ಟಿಕ್ಕೋ ಲೋಹವೋ ಅಂತಲೂ ಕೇಳಿ.

ಇನ್ನೊಂದನ್ನು ಮಾತ್ರ ಬಿಡಬೇಡಿ: ಟ್ರಿಗರ್ ಬಿಟ್ಟ ಕೂಡಲೇ ಮೋಟಾರು ತಾನಾಗಿ ನಿಲ್ಲುವ ವ್ಯವಸ್ಥೆ. ನನ್ನ ಮೊದಲ ಯಂತ್ರಕ್ಕೆ ಅದು ಇರಲಿಲ್ಲ. ಟ್ರಿಗರ್ ಬಿಟ್ಟರೂ ಮೋಟಾರು ಓಡುತ್ತಲೇ ಇರುತ್ತದೆ, ಅದೇ ನಾಲ್ಕು ಗುಟುಕು ನೀರು ಪಂಪಿನೊಳಗೆ ಸುತ್ತಿ ಸುತ್ತಿ ಕಾಯುತ್ತದೆ, ರಬ್ಬರ್ ಸೀಲುಗಳು ಬೇಯುತ್ತವೆ. ಯಾರೋ ಗೇಟಿನಲ್ಲಿ ಕರೆದರು ಅಂತ ಗನ್ ಕೆಳಗಿಟ್ಟು ಕಾಲು ಗಂಟೆ ಮಾತಾಡಿದೆ ನೋಡಿ, ಬಂದಾಗ ಪಂಪಿನಡಿ ಬಿಸಿನೀರಿನ ಮಡು.

ಯಂತ್ರ ತರುವ ಮೊದಲು ನಿಮ್ಮ ನಲ್ಲಿಯನ್ನೂ ಅಳೆಯಿರಿ. 10 ಲೀಟರ್ ಬಕೆಟ್ ಇಟ್ಟು, ನಲ್ಲಿ ಪೂರ್ತಿ ತಿರುಗಿಸಿ, ಗಡಿಯಾರ ನೋಡಿ. ಯಂತ್ರ ನಿಮಿಷಕ್ಕೆ 7 ಲೀಟರ್ ಕುಡಿಯುವುದಾದರೆ ಬಕೆಟ್ 85 ಸೆಕೆಂಡಿನೊಳಗೆ ತುಂಬಲೇಬೇಕು, ಒಂದು ನಿಮಿಷದೊಳಗೆ ತುಂಬಿದರೆ ನಿಶ್ಚಿಂತೆ. ನಮ್ಮ ಹಿತ್ತಲಿನ ನಲ್ಲಿ 110 ಸೆಕೆಂಡ್ ತೆಗೆದುಕೊಂಡಿತು, ಅಂದರೆ ನಿಮಿಷಕ್ಕೆ ಐದೂವರೆ ಲೀಟರ್. ಹಸಿದ ಪಂಪು ಜಲ್ಲಿ ಅಗಿದಂತೆ ಸದ್ದು ಮಾಡುತ್ತದೆ, ಧಾರೆ ಬಿಕ್ಕಳಿಸುತ್ತದೆ. ನಾನು ನಲ್ಲಿಯಿಂದ ಡ್ರಮ್ಮಿಗೆ ನೀರು ಬಿಟ್ಟು, ಡ್ರಮ್ಮಿನಿಂದ ಯಂತ್ರ ಎಳೆದುಕೊಳ್ಳುವಂತೆ ಮಾಡಿದೆ. ಇದು ತಾನೇ ನೀರು ಹೀರಬಲ್ಲ ಮಾದರಿಗಳಲ್ಲಿ ಮಾತ್ರ ಸಾಧ್ಯ. ಕೊಳ್ಳುವಾಗಲೇ ಕೇಳಿಕೊಳ್ಳಿ. ಹೀರುವ ಪೈಪಿನ ತುದಿಗೆ ಜಾಲರಿ ಇರಲಿ, ಒಂದು ಮರಳ ಕಾಳು ಸಾಕು ಕವಾಟ ಕೆಡಿಸಲು.

ಇನ್ನು ಬಳಕೆ. ಕರೆಂಟಿನಿಂದ ಶುರು ಮಾಡೋಣ, ಯಾಕೆಂದರೆ ಒದ್ದೆ ನೆಲ, ಒದ್ದೆ ಕೈ, ಎರಡು ಕಿಲೋವ್ಯಾಟ್ ಯಂತ್ರ ಮೂರೂ ಒಂದೇ ಕಡೆ ಸೇರುತ್ತವೆ. ಸಾಕೆಟ್ಟಿಗೆ ಸರಿಯಾದ ಅರ್ಥಿಂಗ್ ಇರಬೇಕು, ಆ ಲೈನಿಗೆ 30 ಮಿಲಿಆಂಪಿಯರಿಗೆ ಕಡಿಯುವ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗಿ ಲೈನ್ ಕಡಿಯುವ ಸ್ವಿಚ್) ಇರಬೇಕು. ಇಲ್ಲವಾದರೆ ಮೊದಲು ಎಲೆಕ್ಟ್ರಿಷಿಯನ್ನರನ್ನು ಕರೆಸಿ, ಆಮೇಲೆ ವಾಷರ್ ತನ್ನಿ. ಎಕ್ಸ್‌ಟೆನ್ಷನ್ ಬಳಸದಿರುವುದೇ ಒಳ್ಳೆಯದು, ನೀರಿನ ಪೈಪನ್ನು ಬೇಕಾದರೆ ಉದ್ದ ಮಾಡಿಕೊಳ್ಳಿ. ವಿಧಿಯೇ ಇಲ್ಲವೆಂದರೆ 2.5 ಚದರ ಮಿಲಿಮೀಟರಿನ ಮೂರು ತಂತಿಯ ಹೊರಾಂಗಣ ಕೇಬಲ್ ತೆಗೆದುಕೊಳ್ಳಿ, ಸುರುಳಿಯನ್ನು ಪೂರ್ತಿ ಬಿಚ್ಚಿ (ಸುತ್ತಿಟ್ಟ ಕೇಬಲ್ ಬಿಸಿಯಾಗಿ ಕರಗುತ್ತದೆ), ಪ್ಲಗ್ ಕೂಡುವ ಜಾಗ ನೆಲ ಮುಟ್ಟದಂತೆ ನೀರು ಸಿಡಿಯದ ಕಡೆ ಎತ್ತರದಲ್ಲಿಡಿ. ಪೆಟ್ರೋಲ್ ಯಂತ್ರದವರಿಗೆ ಶಾಕ್ ಭಯವಿಲ್ಲ, ಹೊಗೆಯ ಭಯವಿದೆ. ಗ್ಯಾರೇಜಿನೊಳಗೆ, ಬಾಗಿಲು ತೆರೆದಿದ್ದರೂ ಸಹ, ಅದನ್ನು ಚಾಲೂ ಮಾಡಬಾರದು. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ.

ಶುರು ಮಾಡುವ ಕ್ರಮ ಹೀಗೆ: ಪೈಪುಗಳನ್ನು ಜೋಡಿಸಿ, ನಲ್ಲಿ ತೆರೆಯಿರಿ, ಮೋಟಾರು ಹಾಕದೆಯೇ ಟ್ರಿಗರ್ ಒತ್ತಿಹಿಡಿಯಿರಿ. ಫುಸ್ ಫುಸ್ ಅಂತ ಗಾಳಿ ಹೋಗಿ ನೀರು ಒಂದೇ ಸಮ ಬಂದಮೇಲೆ ಸ್ವಿಚ್ ಹಾಕಿ. ಅಷ್ಟೇ.

ನಾಜಲ್‌ಗಳಿಗೆ ಬಣ್ಣದ ಭಾಷೆಯಿದೆ, ಧಾರೆ ಎಷ್ಟು ಕೋನಕ್ಕೆ ಹರಡುತ್ತದೆ ಅನ್ನುವುದನ್ನು ಬಣ್ಣ ಹೇಳುತ್ತದೆ. ಕೆಂಪು ಸೊನ್ನೆ ಡಿಗ್ರಿ, ಹಳದಿ 15, ಹಸಿರು 25, ಬಿಳಿ 40, ಕಪ್ಪು 65, ಅದು ಸೋಪಿಗೆ. ಕೆಲವು ಯಂತ್ರಗಳಲ್ಲಿ ಬಿಡಿ ನಾಜಲ್ ಬದಲು ತಿರುಗಿಸುವ ಒಂದೇ ತುದಿ ಇರುತ್ತದೆ, ತತ್ವ ಅದೇ. ಕೆಂಪು ನಾಜಲನ್ನು ನಾನು ಬೆಂಚಿನ ಪ್ರಸಂಗದ ಮರುದಿನವೇ ಕಾಗದದಲ್ಲಿ ಸುತ್ತಿ ಡ್ರಾಯರಿನ ಮೂಲೆಗೆ ಹಾಕಿದೆ. ಅಲ್ಲಿಂದ ಇಲ್ಲಿಯವರೆಗೆ ಒಮ್ಮೆಯೂ ಬೇಕಾಗಿಲ್ಲ.

ನಾಜಲಿಗಿಂತ ದೊಡ್ಡ ರೆಗ್ಯುಲೇಟರ್ ನಿಮ್ಮ ತೋಳು. 25 ಡಿಗ್ರಿ ನಾಜಲ್ 30 ಸೆಂಟಿಮೀಟರ್ ದೂರದಲ್ಲಿ ಸುಮಾರು 13 ಸೆಂಟಿಮೀಟರ್ ಅಗಲದ ಪಟ್ಟೆ ತೊಳೆಯುತ್ತದೆ. ದೂರವನ್ನು ಎರಡರಷ್ಟು ಮಾಡಿದರೆ ಪಟ್ಟೆಯೂ ಎರಡರಷ್ಟು, ಅಷ್ಟೇ ನೀರು ಅಷ್ಟಗಲಕ್ಕೆ ಹಂಚಿಹೋಗಿ ಪೆಟ್ಟು ಮೆತ್ತಗಾಗುತ್ತದೆ. ಅರ್ಧ ಮಾಡಿದರೆ ಅದೇ ನೀರು ಉಳಿಯಾಗುತ್ತದೆ. ಹಾಗಾಗಿ ಯಾವ ಕೆಲಸವನ್ನೇ ಆಗಲಿ ಅಗಲದ ನಾಜಲ್ ಹಾಕಿ, ಅರ್ಧ ಮೀಟರ್ ದೂರದಿಂದ, ಕಣ್ಣಿಗೆ ಬೀಳದ ಮೂಲೆಯಲ್ಲಿ ಶುರು ಮಾಡಿ. ಕೊಳೆ ಬಿಡುವವರೆಗೆ ನಿಧಾನಕ್ಕೆ ಹತ್ತಿರ ಬನ್ನಿ, ಬಿಟ್ಟ ದೂರದಲ್ಲೇ ನಿಲ್ಲಿ. ಟ್ರಿಗರ್ ಒತ್ತುವಾಗ ಧಾರೆ ಗಾಳಿಯಲ್ಲಿರಲಿ, ಆಮೇಲೆ ಜಾಗಕ್ಕೆ ತನ್ನಿ. ಒಂದೇ ಕಡೆ ನಿಲ್ಲಿಸಬೇಡಿ, ಗುಡಿಸಿದ ಹಾಗೆ ಆಡಿಸುತ್ತಿರಿ, ಒಂದು ಪಟ್ಟೆಯ ಅಂಚಿನ ಮೇಲೆ ಇನ್ನೊಂದು ಸ್ವಲ್ಪ ಹತ್ತಲಿ. ನೆಲಕ್ಕೆ ನೇರ 90 ಡಿಗ್ರಿಯಲ್ಲಿ ಹೊಡೆದರೆ ಕೆಸರು ನಿಮ್ಮ ಮುಖಕ್ಕೇ ಬರುತ್ತದೆ, 45ರಷ್ಟು ಓರೆಯಾಗಿ ಹಿಡಿದರೆ ಮುಂದಕ್ಕೆ ಹೋಗುತ್ತದೆ. ಮರವಾದರೆ ಬಿಳಿ ನಾಜಲ್, ಎಳೆಯ ಉದ್ದಕ್ಕೆ ಮಾತ್ರ, ಅಡ್ಡಡ್ಡ ಬೇಡ.

ಹಳೆಯ ಪಾಚಿಗೆ ಒತ್ತಡ ಏರಿಸುವ ಬದಲು ಅರ್ಧ ಗಂಟೆ ನೆನೆಸಿ, ಒರಟು ಪೊರಕೆಯಲ್ಲಿ ಒಮ್ಮೆ ಉಜ್ಜಿ. ಗೋಡೆಗೆ ಸೋಪು ಹಚ್ಚುವುದು ಕೆಳಗಿನಿಂದ ಮೇಲಕ್ಕೆ, ತೊಳೆಯುವುದು ಮೇಲಿನಿಂದ ಕೆಳಕ್ಕೆ. ತಿರುಗಾಮುರುಗಾ ಆದರೆ ಒಣಗೋಡೆಯ ಮೇಲೆ ಇಳಿದ ಸೋಪಿನ ಗೆರೆಗಳು ಕಲೆಯಾಗಿ ಉಳಿಯುತ್ತವೆ. ಪ್ರೆಷರ್ ವಾಷರಿಗೆಂದೇ ತಯಾರಾದ ಸೋಪನ್ನಷ್ಟೇ ಯಂತ್ರಕ್ಕೆ ಹಾಕಿ. ಬ್ಲೀಚು ಸೀಲುಗಳನ್ನು ತಿನ್ನುತ್ತದೆ. ಬ್ಲೀಚನ್ನು ಟಾಯ್ಲೆಟ್ ಕ್ಲೀನರಿನಂಥ ಆಸಿಡ್ ಜೊತೆ ಸೇರಿಸಿದರಂತೂ ಕ್ಲೋರಿನ್ ಅನಿಲವೇ ಏಳುತ್ತದೆ, ಬಕೆಟ್ಟಿನಲ್ಲೂ ಬೇಡ, ನೆಲದ ಮೇಲೂ ಬೇಡ.

ಈಗ ನಾನು ಯಾರಿಗೆ ಯಂತ್ರ ಎರವಲು ಕೊಟ್ಟರೂ ನಿಲ್ಲಿಸಿ ಹೇಳುವ ಮಾತು. 100 ಬಾರಿನಲ್ಲಿ ನೀರು ನಾಜಲ್ ಬಿಡುವ ವೇಗ ಸೆಕೆಂಡಿಗೆ ಹೆಚ್ಚುಕಡಿಮೆ 140 ಮೀಟರ್, ಅಂದರೆ ಗಂಟೆಗೆ 500 ಕಿಲೋಮೀಟರ್. ಅದು ಚರ್ಮವನ್ನು ಸೀಳಿಕೊಂಡು ಒಳಗೆ ಹೋಗಬಲ್ಲದು. ಹೋದದ್ದು ಸೂಜಿಯ ತೂತಿನಷ್ಟೇ ಕಾಣುತ್ತದೆ, ಮೊದಲ ಗಂಟೆಗಳಲ್ಲಿ ನೋವೂ ಅಷ್ಟಿರಲಿಕ್ಕಿಲ್ಲ. ಆದರೆ ನೀರು, ಅದರೊಂದಿಗೆ ಸೋಪು, ರೋಗಾಣು ಎಲ್ಲ ಬೆರಳಿನ ಒಳಪದರಗಳಲ್ಲಿ ದೂರದವರೆಗೆ ಹರಡಿರುತ್ತವೆ. ಬಾವು ಏರಿ ರಕ್ತಸಂಚಾರ ನಿಲ್ಲಬಹುದು, ಬೆರಳೇ ಹೋಗಬಹುದು. "ಸಣ್ಣ ತೂತು, ಬ್ಯಾಂಡೇಜ್ ಸಾಕು" ಅಂದುಕೊಳ್ಳಬೇಡಿ. ಆ ಕ್ಷಣವೇ ಆಸ್ಪತ್ರೆಗೆ ಹೋಗಿ, ಹೆಚ್ಚು ಒತ್ತಡದ ಧಾರೆಯಿಂದ ಆದ ಗಾಯ ಅಂತ ವೈದ್ಯರಿಗೆ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಅವರ ಕಣ್ಣಿಗೂ ಅದು ಸಣ್ಣ ತೂತೇ.

ನಾನು ಚಪ್ಪಲಿಯಲ್ಲಿ ನಿಂತು ತೊಳೆಯುತ್ತಿದ್ದ ಕಾಲವೊಂದಿತ್ತು. ಧಾರೆ ಹೆಬ್ಬೆರಳನ್ನು ಸವರಿಕೊಂಡು ಹೋಯಿತು, ಒಳಗೆ ಇಳಿಯಲಿಲ್ಲ, ಮೇಲ್ಚರ್ಮ ಮಾತ್ರ ಸಿಪ್ಪೆಯಂತೆ ಎದ್ದಿತು. ಅವತ್ತಿನಿಂದ ಗಟ್ಟಿ ಬೂಟು, ಉದ್ದ ಪ್ಯಾಂಟು, ಪಕ್ಕವೂ ಮುಚ್ಚುವ ಕನ್ನಡಕ. ಧಾರೆಗೆ ಕೈ ಒಡ್ಡಿ "ಎಷ್ಟು ಜೋರಿದೆ ನೋಡೋಣ" ಅನ್ನುವುದು, ಮಕ್ಕಳ ಕೆಸರುಗಾಲು ತೊಳೆಯುವುದು, ನಾಯಿಗೆ ಸ್ನಾನ ಮಾಡಿಸುವುದು, ಇವು ಯಾವುವೂ ಬೇಡವೇ ಬೇಡ. ಗನ್ ಕೈಯಿಂದ ಕೆಳಗಿಳಿದರೆ ಲಾಕ್ ಹಾಕಿಯೇ ಇಳಿಯಬೇಕು.

ಏಣಿಯ ಮೇಲೂ ಬೇಡ. 100 ಬಾರ್, 7 ಲೀಟರ್ ಯಂತ್ರ ನಿಮ್ಮನ್ನು ಹಿಂದಕ್ಕೆ ತಳ್ಳುವುದು ಒಂದೂವರೆ ಕಿಲೋ ತೂಕದಷ್ಟು. ನೆಲದ ಮೇಲೆ ಅದು ಲೆಕ್ಕಕ್ಕಿಲ್ಲ. ಏಣಿಯ ತುದಿಯಲ್ಲಿ, ಒದ್ದೆ ಮೆಟ್ಟಿಲಲ್ಲಿ, ಟ್ರಿಗರ್ ಒತ್ತಿದ ಕ್ಷಣ ದಿಢೀರನೆ ಬರುವ ಒಂದೂವರೆ ಕಿಲೋ ಸಾಕು. ಎತ್ತರಕ್ಕೆ ಉದ್ದದ ಲ್ಯಾನ್ಸ್ (ಗನ್ನಿಗೆ ಜೋಡಿಸುವ ಕೊಳವೆ) ಸಿಗುತ್ತದೆ.

ತೊಳೆಯಬಾರದವುಗಳಲ್ಲಿ ಮೊದಲನೆಯದು ಆಸ್‌ಬೆಸ್ಟಾಸ್ ಶೀಟು: ಒತ್ತಡದ ನೀರು ಅದರ ನಾರುಗಳನ್ನು ಬಿಡಿಸಿ ಗಾಳಿಗೂ ಅಂಗಳಕ್ಕೂ ಹರಡುತ್ತದೆ, ಅವು ಶ್ವಾಸಕೋಶಕ್ಕೆ ಹೋದರೆ ಕ್ಯಾನ್ಸರ್ ತರಬಲ್ಲವು. ಹೆಂಚಿನ ಮಾಡಿಗೆ ಕೆಳಗಿನಿಂದ ಮೇಲಕ್ಕೆ ಹೊಡೆದರೆ ನೀರು ಹೆಂಚಿನಡಿ ನುಗ್ಗುತ್ತದೆ. ಸ್ವಿಚ್ ಬೋರ್ಡು, ಮೀಟರು, ಗೇಟಿನ ಮೋಟಾರಿನ ಹತ್ತಿರ ಸುಳಿಯಬೇಡಿ. ಎಸಿಯ ಹೊರಘಟಕದ ತೆಳು ಅಲ್ಯೂಮಿನಿಯಂ ರೆಕ್ಕೆಗಳು ಮಡಚಿಕೊಳ್ಳುತ್ತವೆ. ಸೋಲಾರ್ ಫಲಕದ ಅಂಚಿನ ಸೀಲು ಬಿಡುತ್ತದೆ. ಟೈಲ್ಸ್ ನಡುವಿನ ಹಳೆಯ ಗಾರೆ ಮಣ್ಣಿನಂತೆ ಎದ್ದುಬರುತ್ತದೆ, ಅದನ್ನು ಅನುಭವದಿಂದ ಹೇಳುತ್ತಿದ್ದೇನೆ. ಬೈಕಿನ ಚಕ್ರದ ಬೇರಿಂಗಿಗೆ, ಚೈನಿಗೆ ನೇರ ಹೊಡೆದರೆ ಒಳಗಿನ ಗ್ರೀಸ್ ಹೋಗಿ ನೀರು ಕೂರುತ್ತದೆ. ಟೈರಿನ ಪಕ್ಕೆಗೆ ಹತ್ತಿರದಿಂದ ಹೊಡೆದರೆ ಆದ ಹಾನಿ ಹೊರಗೆ ಕಾಣದೆ, ಮುಂದೊಮ್ಮೆ ರಸ್ತೆಯಲ್ಲಿ ಒಡೆಯಬಹುದು. 30 ಸೆಂಟಿಮೀಟರಿಗಿಂತ ಒಳಗೆ ಹೋಗಬೇಡಿ.

ಮುಗಿಸುವಾಗ ಮೊದಲು ಮೋಟಾರು ಆಫ್, ಆಮೇಲೆ ನಲ್ಲಿ ಬಂದ್, ಆಮೇಲೆ ಟ್ರಿಗರ್ ಒತ್ತಿ ಒಳಗೆ ಉಳಿದ ಒತ್ತಡ ಬಿಡಿ. ಧಾರೆ ಸತ್ತು ತೊಟ್ಟಿಕ್ಕಿದ ಮೇಲೆಯೇ ಪೈಪು ಕಳಚುವುದು. ಸೋಪು ಬಳಸಿದ್ದರೆ ಅದಕ್ಕೂ ಮುಂಚೆ ಒಂದು ನಿಮಿಷ ಬರೀ ನೀರು ಓಡಿಸಿ. ನೀರು ಹೆಪ್ಪುಗಟ್ಟುವಷ್ಟು ಚಳಿಯಿರುವ ಕಡೆ ಪಂಪಿನ ನೀರನ್ನೆಲ್ಲ ಬಸಿದು ಒಳಗಿಡಿ, ಮಂಜುಗಟ್ಟಿದ ನೀರು ಪಂಪನ್ನು ಸೀಳುತ್ತದೆ. ನೀರು ಬರುವ ಕಡೆಯ ಜಾಲರಿಯನ್ನು ತಿಂಗಳಿಗೊಮ್ಮೆ ಬಿಚ್ಚಿ ತೊಳೆಯಿರಿ. ಜೋಡಣೆಯಲ್ಲಿ ಹನಿಕಿದರೆ ಪೈಪು ಬದಲಿಸಲು ಓಡಬೇಡಿ, ಒಳಗಿನ ಓ-ರಿಂಗ್ (ರಬ್ಬರ್ ಬಳೆ) ಬದಲಿಸಿ, ಸ್ವಲ್ಪ ಸಿಲಿಕೋನ್ ಗ್ರೀಸ್ ಸವರಿ.

ಧಾರೆ ನಡುಗುತ್ತಿದ್ದರೆ, ಒಂದು ಕಡೆಗೆ ವಾಲಿದ್ದರೆ ನೂರಕ್ಕೆ ತೊಂಬತ್ತು ಸಲ ನಾಜಲಿನಲ್ಲಿ ಕಸ. ಯಂತ್ರ ನಿಲ್ಲಿಸಿ, ಒತ್ತಡ ಬಿಟ್ಟು, ನಾಜಲ್ ಕಳಚಿ ಪಿನ್ನಿನಿಂದ ಚುಚ್ಚಿ, ಹಿಂದುಮುಂದಾಗಿ ನಲ್ಲಿಗೆ ಹಿಡಿಯಿರಿ. ಆ ಪಿನ್ನು ಕಳೆದುಹೋಗುವ ಜಾತಿಯದು. ನಾನು ಅದನ್ನು ದಾರ ಕಟ್ಟಿ ಯಂತ್ರದ ಹಿಡಿಗೇ ತೂಗುಬಿಟ್ಟಿದ್ದೇನೆ.